ನಾಯಿ ‘ಏರೋ ಚಟ’ ಬಿಡಿಸ್ತೀನಿ ಅಂತ ಹೇಳೋರ ಕೈಗಿ ನಾಯಿ ಕೊಡಬ್ಯಾಡ್ರಿ, ಕಲಬುರಗಿ ಮಂದಿ ಪೂರಾ ಓದ್ರಿ

ಇದು ಜರಾ ನಾಚ್ಗಿ ವಿಷ್ಯ, ಮನಿ ಮಂದಿ ಮುಂದ ಮಾತಾಡ್ಲಿಕ್ಕೂ ಮುಜುಗರ ಆಗ್ತದ. ಆದ್ರ ಈ ನಾಚ್ಗಿ ಮ್ಯಾಲೇನೇ ಒಬ್ಬಾಂವ ನಮ್ಮೂರಾಗ ಧಂಧೆ ಮಾಡ್ಲತ್ತಾನ, ಅದ್ಕ ಬರಿಲತ್ತೀನಿ. ನಿಮ್ಮ ಗಂಡುನಾಯಿ ಬಂದೋರ ಕಾಲಿಗಿ ಜೋತು ಬಿದ್ದು ಏರ್ತದಂದ್ರ, ಲೋಡು ದಿಂಬು ಏನೂ ಬಿಡಂಗಿಲ್ಲಂದ್ರ, "ನನ್ನ ಹಾಸ್ಟೆಲ್‌ಗಿ ಬಿಡ್ರಿ, ಚಟ ಪೂರಾ ಬಿಡಿಸಿ ಕೊಡ್ತೀನಿ" ಅಂತ ಯಾರರೆ ಹೇಳಿದ್ರ ಕೊಡಬ್ಯಾಡ್ರಿ. ಕೊಡಬ್ಯಾಡ್ರಿ ಅಂದ್ರ ಕೊಡಬ್ಯಾಡ್ರಿ.

ನಮ್ದು ಲ್ಯಾಬ್ರಡಾರ್, ಹೆಸರು ಶೇರು, ಆಗ ಒಂದೂವರೆ ವರ್ಷ. ಯಾರಿಗೂ ಕಡಿಯೋದಿಲ್ಲ, ಗುರ್ ಅನ್ನೋದಿಲ್ಲ, ಬರೀ ಇದೊಂದೇ ತ್ರಾಸ. ಮನಿಗಿ ಯಾರರೆ ಬಂದ್ರ ಸಾಕು, ಖುಷಿ ತಡಿಲಾರ್ದ ಓಡಿ ಬಂದು ಮುಂಗಾಲ್ಲೆ ಅವ್ರ ತೊಡಿ ಹಿಡ್ಕೊಂಡು ಶುರು ಮಾಡ್ತಿತ್ತು. ನಮ್ಮ ನಾದಿನಿಗಿ ನೋಡ್ಲಿಕ್ಕೆ ಸೇಡಂದಿಂದ ಮಂದಿ ಬಂದಿದ್ರು, ಹುಡುಗನ ತಾಯಿ ಚಪ್ಪಲಿ ಬಿಟ್ಟು ಇನ್ನೂ ಒಳಗ ಕಾಲಿಟ್ಟಿದ್ದಿಲ್ಲ, ಅವ್ರಿಗೇ ಹಿಡೀತು. ಮೂವತ್ತು ಕೆಜಿ ನಾಯಿ ರೀ, ಎಳದ್ರ ಬಿಡಂಗಿಲ್ಲ. ಅವ್ರು ದೊಡ್ಡ ಮನಸ್ಸಿನವ್ರು, "ಇರ್ಲಿ ಬಿಡವ್ವ, ಮೂಕಪ್ರಾಣಿ" ಅಂದ್ರು, ಆದ್ರ ನಮ್ಮ ಅತ್ತಿ ಮಾರಿ ನೋಡ್ಬೇಕಿತ್ತು ನೀವು. ಆ ರಾತ್ರಿನೇ ನಮ್ಮ ಮನ್ಯಾವ್ರು "ಏನರೆ ಮಾಡು, ಇಲ್ಲಾಂದ್ರ ಯಾರಿಗರೆ ಕೊಟ್ಬಿಡು" ಅಂದ್ರು.

ನಾಯಿ ಸಾಮಾನು ಮಾರೋ ಒಂದು ಅಂಗಡ್ಯಾಗ ಇವನ ಕಾರ್ಡ್ ಸಿಕ್ತು. ಟ್ರೇನಿಂಗ್, ಬೋರ್ಡಿಂಗ್, ಎಲ್ಲಾ ಥರದ ಕೆಟ್ಟ ಚಟ ಬಂದ್, ಗ್ಯಾರಂಟಿ. ಫೋನ್ ಮಾಡ್ದೆ. ನಾ ವಿಷ್ಯ ಹೇಳ್ಲಿಕ್ಕೆ ತಡವರಿಸ್ಲತ್ತಿದ್ರ ಅಂವ ನಕ್ಕ. "ಅಕ್ಕಾರ, ನಾಚಬ್ಯಾಡ್ರಿ, ದಿನಾ ಇಂಥವೇ ಬರ್ತಾವ ನನ್ನ ಕಡಿ. ಡಾಮಿನೆಂಟ್ ಆಗ್ಯದ, ತಾನೇ ಮನಿ ಯಜಮಾನ ಅಂತ ತಿಳ್ಕೊಂಡದ. ಫೋಟೋ ಕಳಿಸ್ರಿ, ಬ್ರೀಡ್ ನೋಡಿ ರೇಟ್ ಹೇಳ್ತೀನಿ." ವರಾಂಡಾದಾಗ ನಿಂದ್ರಿಸಿ ಫೋಟೋ ತೆಗ್ದು ಕಳಿಸ್ದೆ. ಈ ಫೋಟೋ ನೆನಪಿಟ್ಕೊಳ್ರಿ, ಮುಂದ ಬರ್ತದ.

ಆಮ್ಯಾಲೆ ಅಂವ ಏನೇನು ಕೇಳ್ದ ಗೊತ್ತೇನು? "ಕೆಸಿಐ ಪೇಪರ್ ಅದಾವೇನ್ರಿ? ತಂದಿ ತಾಯಿ ಎಲ್ಲಿವು? ಇನ್ನಾ ಕ್ರಾಸ್ ಆಗಿಲ್ಲಲ್ಲ?" ಕಾಲಿಗಿ ಏರೋ ಚಟಕ್ಕೂ ಕೆಸಿಐ ಅಂದ್ರ ಕೆನಲ್ ಕ್ಲಬ್ ಕೊಡೋ ತಳಿ ಪೇಪರಿಗೂ ಏನ್ ಸಂಬಂಧ ಹೇಳ್ರಿ. ಕೇಳಿದ್ರ "ರೆಕಾರ್ಡ್ ಸಲುವಾಗಿ ಅಕ್ಕಾರ" ಅಂದ. ತಿಂಗಳಿಗಿ 15 ಸಾವಿರ, ಅದ್ರಾಗ 10 ಸಾವಿರ ಅಡ್ವಾನ್ಸ್, ರಸೀದಿ ಇಲ್ಲ, ಫೋನ್‌ಪೇ. ಮ್ಯಾಲೆ ಒಂದು ಕಂಡೀಶನ್, ನಡುವ ನೋಡ್ಲಿಕ್ಕೆ ಬರಂಗಿಲ್ಲ. "ಮಾಲಕರ ವಾಸನಿ ಹತ್ತಿದ್ರ ಟ್ರೇನಿಂಗ್ ಎಲ್ಲಾ ಕೆಡ್ತದ್ರಿ." ಹಾಸ್ಟೆಲ್ ಅಂದ್ರ ರಿಂಗ್ ರೋಡ್ ಆಚಿ ಒಂದು ತಗಡಿನ ಶೆಡ್ಡು, ಅದೂ ನಮ್ಮೂರ ಬ್ಯಾಸಿಗ್ಯಾಗ.

ವಿಡಿಯೋ ಕಳಿಸ್ತಿದ್ದ. ಶೇರು ಕುಂತದ, ಶೇರು ಕೈ ಕೊಡ್ಲತ್ತದ. ಮೊದಮೊದಲು ನಾನೂ ಎಲ್ಲರಿಗೂ ತೋರಿಸ್ಕೋತ ಅಡ್ಡಾಡ್ದೆ. ನಮ್ಮ ಮಗಳು ಹಿಡಿದ್ಳು ನೋಡ್ರಿ: "ಅವ್ವ, ಎಲ್ಲಾದ್ರಾಗೂ ಅದೇ ನೀಲಿ ಬಕೀಟು, ಬಕೀಟಿನ ನೆರಳೂ ಅಲ್ಲೇ ಬಿದ್ದದ." ಒಂದೇ ದಿನ ಶೂಟ್ ಮಾಡಿ ತುಂಡ್ ತುಂಡ್ ಮಾಡಿ ವಾರಗಟ್ಟಲೆ ಕಳಿಸ್ಯಾನ. ಕೇಳಿದ್ರ? "ಬಕೀಟು ಅಲ್ಲೇ ಇಡ್ತೀವಿ ಅಕ್ಕಾರ." ಬಕೀಟು ಅಲ್ಲೇ ಇಡ್ತೀರಿ, ಸೂರ್ಯಾಗೂ ಅಲ್ಲೇ ನಿಂದ್ರಿಸ್ತೀರೇನು?

ಶೇರು ಮನಿಗಿ ಬಂದಾಗ ಪಕ್ಕೆಲುಬು ಎಣಿಸಬಹುದಿತ್ತು. ಕೊಳ್ಳಾಗ ಚೋಕ್ ಚೈನ್ ಒತ್ತಿ ಕೂದಲ ಉದುರಿ ತೊಗಲು ಹಸಿಯಾಗಿತ್ತು. ಚಟ ಬಿಡ್ತೇನು? ಎಲ್ಲಿ ಬಿಡ್ತದ, ಮೊದ್ಲು ಬಂದೋರಿಗೆ ಅಷ್ಟೇ ಇತ್ತು, ಈಗ ಮಗಳ ಮ್ಯಾಲೂ ಏರ್ಲತ್ತಿತ್ತು, ಬೀದ್ಯಾಗ ಹೆಣ್ಣುನಾಯಿ ವಾಸನಿ ಬಂದ್ರ ಬೆಲ್ಟ್ ಹರ್ಕೊಂಡು ಓಡ್ಲತ್ತಿತ್ತು. ಕಂಪ್ಲೇಂಟ್ ಮಾಡಿದ್ರ "ಮನ್ಯಾಗ ನೀವು ಸ್ಟ್ರಿಕ್ಟ್ ಇಲ್ಲ, ಇನ್ನೊಂದು ತಿಂಗಳು ಬಿಡ್ರಿ" ಅಂದ. ಬಾಕಿ ರೊಕ್ಕ ಕೊಡೋ ತನಕ ನಾಯಿನೂ ಬಿಟ್ಟಿದ್ದಿಲ್ಲ ಅಂವ, ಅದು ಬ್ಯಾರೆ ಕಥಿ.

ಈಗ ಅಸಲಿ ಮಾತಿಗಿ ಬರ್ತೀನಿ. ಕೆಲವು ತಿಂಗಳಾದ ಮ್ಯಾಲೆ ಹುಮನಾಬಾದ್‌ದಾಗಿರೋ ನಮ್ಮ ಚಿಕ್ಕವ್ವನ ಮಗ ವಾಟ್ಸಾಪ್‌ನಾಗ ಒಂದು ಫೋಟೋ ಕಳಿಸಿ "ಅಕ್ಕಾ, ಲ್ಯಾಬ್ ಮರಿ ಮಾರ್ಲಿಕ್ಕವ, ಒಂದು ತಗೊಳ್ಳೇನು, ನಿಮ್ಮ ಶೇರುನಂಗೇ ಅದ ನೋಡು ಇವುಗಳ ಅಪ್ಪ" ಅಂತ ಬರ್ದ. ಶೇರುನಂಗೇ ಅಲ್ಲ ರೀ. ಶೇರುನೇ. ಹಿಂದ ನಮ್ಮ ವರಾಂಡಾ, ನಮ್ಮ ಶಹಾಬಾದ್ ಫರ್ಶಿ, ಬಾಯಿ ಒಡೆದ ತುಳಸಿ ಕುಂಡ, ಮೂಲ್ಯಾಗ ನನ್ನ ಹಸಿರು ಹವಾಯಿ ಚಪ್ಪಲಿ! ನಾನೇ ತೆಗ್ದ ಫೋಟೋ, ನಾನೇ ಅವಂಗ ಕಳಿಸಿದ್ದ ಫೋಟೋ. ಮ್ಯಾಲೆ ಇಂಗ್ಲಿಷ್‌ದಾಗ "ಪ್ರೂವನ್ ಸ್ಟಡ್ (ಮರಿ ಹುಟ್ಟಿಸಿ ತೋರಿಸಿದ ಗಂಡುನಾಯಿ), ಕ್ರಾಸಿಂಗ್‌ಗಾಗಿ ಸಂಪರ್ಕಿಸಿ" ಅಂತ. ಕೆಳಗ ಮರಿ ಒಂದಕ್ಕ 12 ಸಾವಿರ, ವಯಸ್ಸು 35 ದಿನ.

ನಾ ಎಷ್ಟೊತ್ತು ಆ ಚಪ್ಪಲೀನೇ ನೋಡ್ಕೋತ ಕುಂತಿದ್ದೆ. ಆಮ್ಯಾಲೆ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಇಳಿಸಿದೆ. ನಾಯಿ ಗರ್ಭ ಸುಮಾರು 63 ದಿನ, ಮರಿಗಿ 35 ದಿನ, ಕೂಡಿಸಿದ್ರ 98. ಹಿಂದಕ್ಕ ಎಣಿಸ್ಕೋತ ಹೋದ್ರ ಎಲ್ಲಿಗಿ ಬಂತು? ಶೇರು ಅವನ ಶೆಡ್ಡಿನಾಗ ಇದ್ದ ವಾರಕ್ಕ ಬಂತು. ಚಟ ಬಿಡಿಸ್ಲಿಕ್ಕೆ ಅಂತ ನಾ ರೊಕ್ಕ ಕೊಟ್ಟು ಬಿಟ್ಟ ನಾಯಿಗಿ ಅಂವ ಬಾಡಿಗಿಗಿ ಬಿಟ್ಟಾನ! ನನ್ನ ಕಡಿಂದ 15 ಸಾವಿರ, ಹೆಣ್ಣುನಾಯಿ ಮಾಲಕರ ಕಡಿಂದ ಬ್ಯಾರೆ. ಗಂಡಿನ ಕಡಿಯೋರಿಗಿ ರೊಕ್ಕ ಇಲ್ಲಾ ಒಂದು ಮರಿ, ಇದು ರಿವಾಜು, ಎಲ್ಲರಿಗೂ ಗೊತ್ತದ. ಅದೂ ಇವನ ಕಿಸೆಕ್ಕ.

ಫೋನ್ ಹಚ್ಚಿದೆ. ಅವನ ಉತ್ರ ಒಂದೊಂದೇ ಬರೀತೀನಿ, ಇವ ಓದ್ಲೇಬೇಕು ನೀವು.

ಮೊದ್ಲು: "ಎಲ್ಲಾ ಲ್ಯಾಬ್ ಒಂದೇ ಥರ ಕಾಣ್ತಾವ ಅಕ್ಕಾರ." ತುಳಸಿ ಕುಂಡಾನೂ ಒಂದೇ ಥರ ಕಾಣ್ತದೇನೋ ಅಂದೆ. ಸುಮ್ನಾದ. ಆಮ್ಯಾಲೆ: "ಫೋಟೋ ಅಷ್ಟೇ ಬಳಸೀವ್ರಿ, ನಾಯಿ ಬ್ಯಾರೆ." ಲೆಕ್ಕ ಹೇಳ್ದೆ, 63, 35. ಆಗ ಧ್ವನಿ ಬದಲಾತು: "ನೋಡ್ರಿ, ನಿಮ್ಮ ನಾಯಿಗೇ ಚೊಲೋ ಮಾಡೀನಿ. ಒಂದ್ಸಲ ಕ್ರಾಸ್ ಆದ್ರ ಶಾಂತ ಆಗ್ತಾವ, ಇದೇ ಟ್ರೀಟ್‌ಮೆಂಟು." ನನ್ನ ಕೇಳಿದ್ದಿಯೇನು ಅಂದ್ರ, "ಹೆಣ್ಮಕ್ಕಳ ಮುಂದ ಇಂಥಾದ್ದೆಲ್ಲ ಹ್ಯಾಂಗ ಮಾತಾಡ್ಲಿ, ಅಣ್ಣಾರಿಗಿ ಫೋನ್ ಕೊಡ್ರಿ." ರೊಕ್ಕ ತಗೊಳ್ಳುಮುಂದ ಹೆಣ್ಮಗಳು ನಡೀತಿತ್ತು! ಅಣ್ಣಾರು, ಅಂದ್ರ ನಮ್ಮ ಮನ್ಯಾವ್ರು, ಫೋನ್ ತಗೊಂಡು ಬರೋಬ್ಬರಿ ಬೈದ್ರು, ಅವ್ರಿಗೆ ಏನಂದ ಗೊತ್ತೇನು: "ಒಂದ್ ಮರಿ ಒಯ್ರಿ ಅಣ್ಣಾ, ಮ್ಯಾಟರ್ ಕ್ಲೋಸ್ ಮಾಡ್ರಿ."

ಮ್ಯಾಟರ್ ಎಲ್ಲಿ ಕ್ಲೋಸ್ ಆಗ್ತದ. ಅಷ್ಟ್ರಾಗ ಶೇರು ಕುಂತ ಜಾಗಾದಾಗ ರಕ್ತದ ಹನಿ ಕಾಣ್ಲತ್ವು. ಸದಾ ಅಲ್ಲೇ ನೆಕ್ಕೊತ ಇರ್ತಿತ್ತು. ಮೂತ್ರದ ಇನ್‌ಫೆಕ್ಷನ್ ಇರ್ಬೇಕು ಅಂತ ತಿಳ್ಕೊಂಡ್ವಿ, ಗುಳಿಗಿ ಕೊಟ್ರೂ ನಿಂದ್ರಲಿಲ್ಲ. ಹಿಂದಿನ ಸೀಟಿಗಿ ಹಳೆ ಚಾದರ ಹಾಸಿ ಬೀದರ್ ನಂದಿನಗರದ ವೆಟರ್ನರಿ ಕಾಲೇಜಿಗಿ ಒಯ್ದ್ವಿ. ಡಾಕ್ಟರ್ ತೊಗಲು ಹಿಂದಕ್ಕ ಸರಿಸಿ ತೋರಿಸಿದ್ರು, ಒಳಗ ಹೂಕೋಸಿನಂಥ ಕೆಂಪು ಗಡ್ಡಿ, ಮುಟ್ಟಿದ್ರ ರಕ್ತ. ಗಾಜಿನ ಸ್ಲೈಡ್ ಅದರ ಮ್ಯಾಲೆ ಒತ್ತಿ ಸೂಕ್ಷ್ಮದರ್ಶಕದಾಗ ನೋಡಿ ಹೇಳಿದ್ರು: ಟಿವಿಟಿ. ಇದು ಒಂದು ಥರದ ಕ್ಯಾನ್ಸರ್ ಅಂತ, ಆದ್ರ ಒಂದು ನಾಯಿಂದ ಇನ್ನೊಂದಕ್ಕ ಅಂಟ್ತದ, ಕ್ರಾಸ್ ಆಗುಮುಂದ ಗಡ್ಡಿಯ ಜೀವಕೋಶಗಳೇ ಈ ಮೈಯಿಂದ ಆ ಮೈಗಿ ಹೋಗಿ ಬೆಳಿತಾವ. ಹತ್ತಿ ತಿಂಗಳುಗಟ್ಟಲೆ ಆದ ಮ್ಯಾಲೆ ಹೊರಗ ಕಾಣಸ್ತದ. "ಇದಕ್ಕ ಯಾವಾಗರೆ ಕ್ರಾಸ್ ಮಾಡ್ಸೀರೇನು?" ಅಂತ ಕೇಳಿದ್ರು. ನಾವು ಮಾಡ್ಸಿಲ್ಲ ಸರ್, ಟ್ರೇನರ್ ಮಾಡ್ಸ್ಯಾನ ಅಂತ ಹೇಳುಮುಂದ ನೆಲ ಬಿರಿಬಾರ್ದೇನು ಅನಸ್ತು. ಲೈನಿನಾಗ ನಿಂತ ಮಂದಿ ಎಲ್ಲಾ ಹೊಳ್ಳಿ ನೋಡಿದ್ರು.

ಚೊಲೋ ಸುದ್ದಿ ಏನಂದ್ರ ಇದು ಗುಣ ಆಗೋ ಕ್ಯಾನ್ಸರ್. ವಿನ್‌ಕ್ರಿಸ್ಟಿನ್ ಅಂತ ಇಂಜೆಕ್ಷನ್, ವಾರಕ್ಕೊಂದು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ರಕ್ತ ಪರೀಕ್ಷಾ ಮಾಡಿ ಮಾಡಿ ಕೊಡ್ತಾರ. ರಕ್ತನಾಳ ಬಿಟ್ಟು ಒಂದು ಹನಿ ಹೊರಗ ಹೋದ್ರೂ ಅಲ್ಲಿನ ಮಾಂಸ ಸಾಯ್ತದಂತ, ಅದ್ಕ ಯಾರ್ ಯಾರದೋ ಕೈಲೆ ಹಾಕಿಸಬ್ಯಾಡ್ರಿ. ಶೇರು ಎರಡು ದಿನ ಉಣ್ತಿದ್ದಿಲ್ಲ, ವಾಂತಿ ಮಾಡ್ತಿತ್ತು, ಖರೆ ಗಡ್ಡಿ ಕರಗ್ತು. ಖರ್ಚಿನ ಬಿಲ್ಲು ಅವಂಗ ಕಳಿಸ್ದೆ. ಬಂದ ಉತ್ರ: "ನಿಮ್ಮ ನಾಯಿ ಎಲ್ಲೋ ಬೀದಿ ತಿರುಗಿ ತಂದದ, ಉಲ್ಟಾ ನಾನೇ ನಿಮ್ಮ ಮ್ಯಾಲೆ ಕೇಸ್ ಹಾಕ್ಬೇಕು." ಆಮ್ಯಾಲೆ ಬ್ಲಾಕ್. ನಮ್ಮ ಭಾವನ ಮಗ ಲಾ ಓದ್ಲತ್ತಾನ, ಅಂವ 2017ರ ನಾಯಿ ಬ್ರೀಡಿಂಗ್ ರೂಲ್ಸ್ ತೆಗ್ದು ತೋರಿಸ್ದ: ಬ್ರೀಡಿಂಗ್ ಮಾಡೋರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗಿ ನೋಂದಣಿ ಆಗ್ಲೇಬೇಕು, ಎಂಟು ವಾರದ ಒಳಗಿನ ಮರಿ ಮಾರಂಗಿಲ್ಲ. ಇಂವ 35 ದಿನದ್ದು ಮಾರ್ಲಿಕ್ಕೆ ನಿಂತಾನ. ನೋಂದಣಿ ನಂಬರ್ ಕೇಳಿದ ದಿನ ಅವನ ಸ್ಟೇಟಸ್ಸೇ ಮಾಯ.

ಈಗ ಆ ಚಟದ ಮಾತು. ಬೀದರ್ ಡಾಕ್ಟರ್ ಹತ್ತು ನಿಮಿಷದಾಗ ಹೇಳಿದ್ದಕ್ಕ ನಾ ಆ ಟ್ರೇನರಿಗಿ 15 ಸಾವಿರ ಕೊಟ್ಟಿದ್ದೆ. ಯಜಮಾನಕಿನೂ ಇಲ್ಲ, ಡಾಮಿನೆಂಟೂ ಇಲ್ಲ. ಎಳೆ ವಯಸ್ಸಿನ ನಾಯಿ, ಮಂದಿ ಬಂದ್ರ ಖುಷಿನೋ ಗಾಬ್ರಿನೋ ಜಾಸ್ತಿ ಆಗಿ ಹಿಂಗ ಹೊರಗ ಬೀಳ್ತದ. ಹೆಣ್ಣುನಾಯಿನೂ ಏರ್ತಾವ, ಎರಡು ಮೂರು ತಿಂಗಳ ಮರಿನೂ ಆಟದಾಗ ಏರ್ತಾವ. ನಾವು ಚೀರಿ ಓಡ್ಯಾಡಿ ಗದ್ಲ ಮಾಡಿದ್ರ ಅದಕ್ಕ ಅದೇ ಒಂದು ಆಟ. ಒಮ್ಮಿಂದೊಮ್ಮೆಲೇ ಜಾಸ್ತಿ ಆದ್ರ, ಜೋಡಿ ನೆಕ್ಕೋದೂ ಇದ್ರ, ಮೂತ್ರದ ಇನ್‌ಫೆಕ್ಷನ್, ತೊಗಲ ತುರಿಕಿ ಇವೆಲ್ಲ ಮೊದ್ಲು ನೋಡಿಸ್ಬೇಕು. ಕ್ರಾಸ್ ಆದ್ರ ಶಾಂತ ಆಗ್ತದ ಅನ್ನೋದು ಶುದ್ಧ ಸುಳ್ಳು, ನಮ್ಮ ಶೇರುನೇ ಸಾಕ್ಷಿ.

ಟಿವಿಟಿ ಪೂರಾ ಕಮ್ಮಿ ಆದ ಮ್ಯಾಲೆ ಬೀಜ ತೆಗೆಯೋ ಆಪರೇಷನ್ ಮಾಡ್ಸಿದ್ವಿ. ಅದೂ ಜಾದೂ ಅಲ್ಲ, ಡಾಕ್ಟರ್ ಮೊದ್ಲೇ ಹೇಳಿದ್ರು. 1997ರಾಗ ಅಮೆರಿಕಾದೋರು ಮಾಡಿದ ಒಂದು ಅಧ್ಯಯನದಾಗ ಆಪರೇಷನ್ ಆದ ಗಂಡುನಾಯಿಗಳೊಳಗ 60 ಪರ್ಸೆಂಟಿಗಿಂತ ಹೆಚ್ಚಿನವುಕ್ಕ ಏರೋದು ಅರ್ಧಕ್ಕರೆ ಇಳಿದಿತ್ತು, ಹತ್ರ ಹತ್ರ ಪೂರಾ ಬಿಟ್ಟಿದ್ದು 25ರಿಂದ 40 ಪರ್ಸೆಂಟ್ ಅಷ್ಟೇ. ಹಾರ್ಮೋನ್ ಬ್ಯಾಗ ಇಳಿದ್ರೂ ರೂಢಿ ಬಿದ್ದದ್ದು ಬ್ಯಾಗ ಬಿಡಂಗಿಲ್ಲ. ಅದ್ಕ ಬಾಗ್ಲಾ ಬಡಿದ್ರ ಮೊದ್ಲು ಶೇರುಗ ಬೆಲ್ಟ್, ಆಮ್ಯಾಲೆ ಬಾಗ್ಲಾ. ಮೂಲ್ಯಾಗ ಒಂದು ಚಾಪಿ, ಅದ್ರ ಮ್ಯಾಲೆ ಕುಂತ್ರ ರೊಟ್ಟಿ ತುಂಡು. ಏರ್ಲಿಕ್ಕೆ ಬಂದ್ರ ಬೈಯೋದಿಲ್ಲ ಹೊಡಿಯೋದಿಲ್ಲ, ಸುಮ್ನ ಬೆಲ್ಟ್ ಹಿಡಿದು ಒಳಗಿನ ಖೋಲಿಗಿ ಒಯ್ದು, ತಣ್ಣಗಾದ ಮ್ಯಾಲೆ ಮತ್ತ ಬಿಡೋದು. ನಸುಕಿನಾಗ ಬಿಸಲು ಏರೋದ್ರೊಳಗ ಒಂದು ಗಂಟಿ ಅಡ್ಡಾಡಿಸ್ತೀವಿ. ಈಗ ಭಾಳ ಕಮ್ಮಿ ಆಗ್ಯದ, ಪೂರಾ ಬಿಟ್ಟದ ಅಂತ ಹೇಳಂಗಿಲ್ಲ, ನಮ್ಮ ಅತ್ತಿ ಇನ್ನೂ ಸೋಫಾ ಮ್ಯಾಲೆ ಕಾಲು ಮಡಚಿಕೊಂಡೇ ಕುಂದ್ರತಾರ.

ನಾಯಿ ಬಿಡ್ಲೇಬೇಕಾದ್ರ ಯಾವಾಗ ಬೇಕಾದ್ರೂ ಬಂದು ನೋಡ್ತೀನಿ ಅನ್ರಿ, ಬ್ಯಾಡ ಅಂದ್ರ ಎದ್ದು ಬರ್ರಿ. ಪೇಪರ್ ಕೇಳಿದ್ರ, ಕ್ರಾಸ್ ಆಗ್ಯದೇನು ಅಂತ ಕೇಳಿದ್ರ, ಅಂವ ಟ್ರೇನರ್ ಅಲ್ಲ ದಲ್ಲಾಳಿ. ರೊಕ್ಕ ಕೊಟ್ರ ರಸೀದಿ ತಗೊಳ್ರಿ, ಅದ್ರಾಗ "ಕ್ರಾಸಿಂಗ್ ಮಾಡ್ಸಂಗಿಲ್ಲ" ಅಂತ ಬರಿಸ್ಕೊಳ್ರಿ.

ಇನ್ನೊಂದು. ಆ ಹೆಣ್ಣುನಾಯಿ ಯಾರದಂತ ನಮ್ಗ ಗೊತ್ತಾಗಿಲ್ಲ, ಅಂವ ಹೇಳ್ಲಿಲ್ಲ. ಶೇರುಗ ಅದರಿಂದೇ ಬಂದಿರ್ಬೇಕು, ಅದ್ರ ಆಚಿ ಇನ್ನೆಷ್ಟು ನಾಯಿ ಜೋಡಿ ಅದಕ್ಕ ಕ್ರಾಸ್ ಮಾಡ್ಸ್ಯಾನೋ. ಕಲಬುರಗಿ, ಹುಮನಾಬಾದ್ ಕಡಿ ಇಂಥ ಹಾಸ್ಟೆಲ್‌ನಾಗ ಲ್ಯಾಬ್ ಕ್ರಾಸ್ ಮಾಡ್ಸಿದವ್ರು ಇದ್ರ ನಿಮ್ಮ ಹೆಣ್ಣುನಾಯಿಗಿ ಒಮ್ಮೆ ನೋಡ್ಕೊಳ್ರಿ. ಹಿಂದ ರಕ್ತದ ಹನಿ ಬೀಳ್ಲತ್ತಿದ್ರ "ಹೀಟಿಗಿ ಬಂದದ" ಅಂತ ತಿಳ್ಕೊಂಡು ಸುಮ್ನ ಕುಂದ್ರಬ್ಯಾಡ್ರಿ, ಹೀಟಿನ ರಕ್ತ ಎರಡು ಮೂರು ವಾರಕ್ಕ ನಿಂದ್ರತದ, ಇದು ನಿಂದ್ರಂಗಿಲ್ಲ. ಡಾಕ್ಟರಿಗಿ ತೋರಿಸಿ ಸ್ಲೈಡ್ ಪರೀಕ್ಷಾ ಮಾಡಿಸ್ರಿ, ಅಲ್ಲಿ ತನಕ ಬ್ಯಾರೆ ನಾಯಿ ಹತ್ರ ಬಿಡಬ್ಯಾಡ್ರಿ.