ದೊಡ್ಡಗದ್ದವಳ್ಳಿ, ಬೇಲೂರು, ಬೆಳವಾಡಿ, ಹಳೇಬೀಡು: ಮನೆಮಂದಿಯೆಲ್ಲ ಎರಡು ದಿನ

ಹಾಸನದಲ್ಲೇ ಹುಟ್ಟಿ ಬೆಳೆದವರಿಗೆ ಬೇಲೂರು ಮತ್ತು ಹಳೇಬೀಡು ಎಂದರೆ ನೆಂಟರು ಬಂದಾಗ ತೋರಿಸಿಕೊಂಡು ಬರುವ ಜಾಗಗಳು. ಹತ್ತು ಗಂಟೆಗೆ ಮನೆ ಬಿಟ್ಟು, ಬೇಲೂರಿನಲ್ಲಿ ಒಂದು ಗಂಟೆ, ಹಳೇಬೀಡಿನಲ್ಲಿ ಮುಕ್ಕಾಲು ಗಂಟೆ ಕಳೆದು ಸಂಜೆ ಕಾಫಿಯ ಹೊತ್ತಿಗೆ ಮನೆ ಸೇರುವ ಆ ಅವಸರದ ಸುತ್ತಾಟವನ್ನು ನಾನೇ ಎಷ್ಟೋ ಸಲ ಮಾಡಿದ್ದೇನೆ. ಈ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ ತಮ್ಮನ ಕುಟುಂಬ ಬೆಂಗಳೂರಿನಿಂದ ಬಂದಾಗ, ಅದೇ ಹಾದಿಯನ್ನು ಎರಡು ದಿನಕ್ಕೆ ಹಿಗ್ಗಿಸಿ, ನಡುವೆ ಒಂದು ರಾತ್ರಿ ಕಾಫಿ ತೋಟದ ಹೋಂಸ್ಟೇಯಲ್ಲಿ ತಂಗಿ ಬಂದೆವು. ನಾವು ಒಟ್ಟು ಏಳು ಜನ. ಅಮ್ಮನಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವು. ತಮ್ಮನ ಮಕ್ಕಳಿಗೆ ಒಂಬತ್ತು ಮತ್ತು ಹದಿಮೂರು. ಈ ಊರುಗಳ ಶಿಲ್ಪವನ್ನು ಹೊಗಳಿದ ಬರಹಗಳಿಗೆ ಕೊರತೆಯಿಲ್ಲ. ಆದರೆ ಮುದುಕರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೋದವರಿಗೆ ಯಾವ ಗುಡಿ ಯಾವ ಹೊತ್ತಿನಲ್ಲಿ ಒದಗುತ್ತದೆ ಎಂಬುದನ್ನು ಬರೆದವರು ಕಡಿಮೆ. ನನ್ನ ಗಮನವೆಲ್ಲ ಅದರ ಮೇಲೆಯೇ ಇದೆ.

ಬೇಲೂರು ರಸ್ತೆಯಲ್ಲಿ ಹಾಸನದಿಂದ ಹೊರಟವರು ಸಾಮಾನ್ಯವಾಗಿ ನಿಲ್ಲದೆ ಮುಂದೆ ಹೋಗಿಬಿಡುವ ದೊಡ್ಡಗದ್ದವಳ್ಳಿಯಲ್ಲಿ ನಾವು ಮೊದಲು ಇಳಿದೆವು. ಸುಮಾರು ಇಪ್ಪತ್ತು ಕಿಲೋಮೀಟರ್ ದೂರ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ, ಕೆರೆಯ ಪಕ್ಕದಲ್ಲೇ ಇರುವ ಲಕ್ಷ್ಮೀದೇವಿಯ ಗುಡಿ ಇದು. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ್ದು. ಎಂದರೆ ಬೇಲೂರಿಗಿಂತ ನಾಲ್ಕು ವರ್ಷ ಹಿರಿಯದು. ನಾಲ್ಕು ಗರ್ಭಗುಡಿಗಳಿರುವ ಚತುಷ್ಕೂಟ, ಮೇಲೆ ಮೆಟ್ಟಿಲುಮೆಟ್ಟಿಲಾದ ಶಿಖರಗಳು. ಹೊರಗೋಡೆಯಲ್ಲಿ ಬೇಲೂರಿನ ಕುಸುರಿ ಇಲ್ಲ, ಗುಡಿಯನ್ನು ಎತ್ತಿ ನಿಲ್ಲಿಸುವ ಜಗತಿ ಎಂಬ ಎತ್ತರದ ಕಟ್ಟೆಯೂ ಇಲ್ಲ. ಜಗತಿ ಇಲ್ಲದಿರುವುದೇ ಅಮ್ಮನಿಗೆ ವರವಾಯಿತು, ಏಕೆಂದರೆ ಹತ್ತಿ ಇಳಿಯುವ ಕೆಲಸವೇ ಬೀಳಲಿಲ್ಲ. ಕಾಳಿಯ ಗುಡಿಯ ಬಾಗಿಲ ಬಳಿ ನಿಂತಿರುವ, ಪಕ್ಕೆಲುಬುಗಳೆಲ್ಲ ಎದ್ದು ಕಾಣುವ ಬೇತಾಳಗಳನ್ನು ಕಂಡು ಚಿಕ್ಕವನು ಅಮ್ಮನ ಸೆರಗು ಹಿಡಿದುಕೊಂಡ. ದೊಡ್ಡವಳು ಮಾತ್ರ ಎರಡು ದಿನವೂ ಅದರ ಮಾತನ್ನೇ ಆಡುತ್ತಿದ್ದಳು. ಬೆಳಿಗ್ಗೆ ಎಂಟೂವರೆಗೆ ನಮ್ಮನ್ನು ಬಿಟ್ಟರೆ ಅಲ್ಲಿ ಬೇರೆ ಪ್ರವಾಸಿಗರು ಇರಲಿಲ್ಲ. ತಿಂಡಿ, ನೀರು ಏನೂ ಸಿಗುವ ಜಾಗವಲ್ಲವಾದ್ದರಿಂದ ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು. ನಾವು ಒಯ್ದಿದ್ದ ಚಿತ್ರಾನ್ನವನ್ನು ಗುಡಿಯಿಂದ ಆಚೆ, ಮರದ ನೆರಳಿನಲ್ಲಿ ಕುಳಿತು ಮುಗಿಸಿದೆವು.

ಅಲ್ಲಿಂದ ಬೇಲೂರಿಗೆ ಹೋದದ್ದು ತಪ್ಪಾದ ಹೊತ್ತಿನಲ್ಲಿ. ರಜೆಯ ಜನಸಂದಣಿಯಲ್ಲಿ ಗಾಡಿ ನಿಲ್ಲಿಸುವುದಕ್ಕೇ ಅರ್ಧ ಗಂಟೆ ಹಿಡಿದು, ಒಳಗೆ ಕಾಲಿಡುವಾಗ ಹನ್ನೆರಡು ಕಳೆದಿತ್ತು. ಚೆನ್ನಕೇಶವ ಇಂದಿಗೂ ನಿತ್ಯ ಪೂಜೆಗೊಳ್ಳುವ ದೇವರು; ಆದ್ದರಿಂದ ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಕೆಲ ಹೊತ್ತು ಗರ್ಭಗುಡಿಯ ಬಾಗಿಲೂ ಮುಚ್ಚಿರುತ್ತದೆ. ವಿಶಾಲವಾದ ಕಲ್ಲುಹಾಸಿನ ಅಂಗಳ ಜನವರಿಯ ಬಿಸಿಲಿಗೇ ಹೆಂಚಿನಂತೆ ಕಾದಿತ್ತು. ಏಪ್ರಿಲ್ ತಿಂಗಳಲ್ಲಿ ಹೇಗಿರಬಹುದೆಂದು ಊಹಿಸಿಕೊಳ್ಳಬಹುದು. ಮಕ್ಕಳು ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಓಡಿದರು, ಅಮ್ಮ ಕೈಸಾಲೆಯ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ನಾವು ಸೋಲೊಪ್ಪಿಕೊಂಡು ಹೊರಬಂದು, ಊಟ ಮಾಡಿ, ನಾಲ್ಕು ಗಂಟೆಗೆ ಮತ್ತೆ ಹೋದೆವು. ಎರಡನೆಯ ಸಲ ಕಂಡದ್ದು ಬೇರೆಯೇ ಬೇಲೂರು. ಕಲ್ಲು ತಣಿದಿತ್ತು, ಬಾಗಿಲು ತೆರೆದಿತ್ತು, ಓರೆಯಾಗಿ ಬೀಳುವ ಬೆಳಕಿನಲ್ಲಿ ಬಳಪದ ಕಲ್ಲಿನ ಗೆರೆಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಸಂಜೆಗೆ ಆಗದವರು ಬೆಳಗಿನ ಮೊದಲ ಹೊತ್ತಿಗೆ ಹೋಗಬಹುದು. ಹಗಲು ಹನ್ನೊಂದರಿಂದ ಮೂರರವರೆಗೆ ವಯಸ್ಸಾದವರನ್ನು ಅಲ್ಲಿಗೆ ಕರೆದೊಯ್ಯಲೇಬಾರದು. ದಪ್ಪನೆಯ ಕಾಲುಚೀಲವೊಂದನ್ನು ಚೀಲದಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಗೆದ್ದ ನಂತರ 1117ರಲ್ಲಿ ಪ್ರತಿಷ್ಠಾಪಿಸಿದ ಈ ದೇವಾಲಯಕ್ಕೆ ಗೈಡ್ ಬೇಕೇ ಎಂದು ಕೇಳಿದರೆ, ಬೇಕೇ ಬೇಕು ಎನ್ನುತ್ತೇನೆ. ಗೈಡ್ ಇಲ್ಲದೆ ಹೋದವರು ಮದನಿಕೆಗಳೆಂಬ ಸುಂದರಿಯರ ಶಿಲ್ಪಗಳನ್ನು ನೋಡುತ್ತಾರೆಯೇ ಹೊರತು, ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಹಲಸಿನ ಹಣ್ಣಿನ ಮೇಲೆ ಕೂತ ನೊಣವನ್ನೂ, ಅದಕ್ಕೆ ಹೊಂಚು ಹಾಕಿದ ಹಲ್ಲಿಯನ್ನೂ ನೋಡುವುದಿಲ್ಲ. ನಲವತ್ತೆರಡು ಮದನಿಕೆಗಳಲ್ಲಿ ಮೂವತ್ತೆಂಟು ಹೊರಗೆ, ನಾಲ್ಕು ಒಳಗೆ ನವರಂಗದಲ್ಲಿ ಇವೆ. ಹೊರಗಿನವು ಸೂರಿನ ಅಡಿಯಲ್ಲಿ ಅಷ್ಟು ಎತ್ತರಕ್ಕಿರುವುದರಿಂದ ಮಕ್ಕಳಿಗೆ ಒಂದು ಸಣ್ಣ ದುರ್ಬೀನು ಕೊಟ್ಟರೆ ಒಂದು ಗಂಟೆ ಅವರ ಚಿಂತೆಯೇ ಇರುವುದಿಲ್ಲ. ನಮಗೆ ಸಿಕ್ಕ ಗೈಡ್ ಮಾತುಗಾರ. ಹುಲಿಯೊಡನೆ ಸೆಣಸುವ ಸಳನ ಕಥೆಯನ್ನು ಅಭಿನಯಿಸಿಯೇ ತೋರಿಸಿದರು. ಆದರೆ ಜಕಣಾಚಾರಿಯ ಕಥೆಯನ್ನೂ, ಕಪ್ಪೆ ಚೆನ್ನಿಗರಾಯನ ಹೊಟ್ಟೆಯ ಕಪ್ಪೆಯನ್ನೂ ಹತ್ತು ನಿಮಿಷ ಹೇಳಿದವರು, ಮದನಿಕೆಗಳ ಪೀಠದಲ್ಲಿ ತಮ್ಮ ಹೆಸರನ್ನೇ ಕೆತ್ತಿ ಹೋಗಿರುವ ಬಳ್ಳಿಗಾವಿಯ ದಾಸೋಜ ಮತ್ತು ಚಾವಣರ ಮಾತನ್ನು ನಾವು ಕೇಳುವವರೆಗೆ ಎತ್ತಲಿಲ್ಲ. ಜಕಣಾಚಾರಿ ಐತಿಹ್ಯದ ಮನುಷ್ಯ. ದಾಸೋಜನ ಹೆಸರು ಕಲ್ಲಿನ ಮೇಲಿದೆ. ಹಾಗಾಗಿ, ಶಿಲ್ಪಿಗಳ ಸಹಿ ಇರುವ ಕಡೆ ನಿಲ್ಲಿಸಿ ತೋರಿಸಿ ಎಂದು ಗೈಡ್‌ಗೆ ಮೊದಲೇ ಹೇಳಿಬಿಡುವುದು ಲೇಸು. ಹಳಗನ್ನಡದ ಅಕ್ಷರಗಳಲ್ಲಿ ಒಂದೆರಡನ್ನು ತಾನೇ ಗುರುತಿಸಿದಾಗ ದೊಡ್ಡವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಬುನಾದಿಯಿಲ್ಲದೆ ನಿಂತಿದೆ ಎನ್ನುವ ನಲವತ್ತೆರಡು ಅಡಿಯ ದೀಪಸ್ತಂಭದ ಕೆಳಗೆ ಕಾಗದ ತೂರಿಸಿ ನೋಡುವವರ ಸಾಲು ಉದ್ದವಿತ್ತು, ನಾವು ನಿಲ್ಲಲಿಲ್ಲ.

ರಾತ್ರಿ ತಂಗಿದ್ದು ಚಿಕ್ಕಮಗಳೂರಿನ ಕಡೆಯ ಒಂದು ತೋಟದ ಮನೆಯಲ್ಲಿ. ತಲೆಗೆ ಎರಡೂವರೆ ಸಾವಿರ ರೂಪಾಯಿ, ರಾತ್ರಿಯ ಊಟವೂ ಬೆಳಗಿನ ತಿಂಡಿಯೂ ಸೇರಿ. ಫೋನಿನಲ್ಲಿ ಕಳಿಸಿದ್ದ ಚಿತ್ರದಲ್ಲಿ ಕೋಣೆಯ ಕಿಟಕಿಯಿಂದಲೇ ಗಿರಿಸಾಲು ಕಾಣುತ್ತಿತ್ತು. ಹೋಗಿ ನೋಡಿದರೆ ಕಿಟಕಿಯ ಎದುರು ನೀರಿನ ಟ್ಯಾಂಕು. ಗಿರಿ ಕಾಣಬೇಕಾದರೆ ತೋಟದ ಏರಿನಲ್ಲಿ ಎರಡು ಫರ್ಲಾಂಗು ನಡೆಯಬೇಕು. ಇನ್ನೊಂದು ಕೋಣೆಯ ಯುವಕರು ಬೆಂಕಿಯ ಸುತ್ತ ಕುಳಿತು ಹನ್ನೊಂದೂವರೆಯವರೆಗೆ ಸ್ಪೀಕರ್ ಹಾಕಿದ್ದರು. ಎರಡು ಸಲ ಹೇಳಿದ ಮೇಲೆ ಮನೆಯವರು ಹೋಗಿ ನಿಲ್ಲಿಸಿದರು. ಕುಟುಂಬದೊಡನೆ ಹೋಗುವವರು ಕೋಣೆ ಕಾಯ್ದಿರಿಸುವ ಮುನ್ನ, ಆ ರಾತ್ರಿ ಇನ್ಯಾರಿದ್ದಾರೆ, ಹಾಡಿಗೆ ಎಷ್ಟು ಹೊತ್ತಿನವರೆಗೆ ಅವಕಾಶ ಎಂದು ಬಾಯಿಬಿಟ್ಟು ಕೇಳುವುದರಲ್ಲಿ ಸಂಕೋಚ ಬೇಡ. ಬಂದೊಡನೆ ಕೊಟ್ಟ ಕಾಫಿ ಇನ್‌ಸ್ಟಂಟ್ ಪುಡಿಯದು ಎಂಬುದನ್ನು ಮಾತ್ರ ಅಮ್ಮ ಇನ್ನೂ ಕ್ಷಮಿಸಿಲ್ಲ.

ಊಟದ ವಿಷಯದಲ್ಲಿ ಆ ಮನೆಯನ್ನು ಮನಸ್ಸು ತುಂಬಿ ಹೊಗಳಬೇಕು. ರಾತ್ರಿ ಹಿತಕಿದ ಅವರೆಬೇಳೆಯ ಸಾರು, ಅಕ್ಕಿ ಕಡುಬು, ಕೇಳಿದವರಿಗೆ ನಾಟಿ ಕೋಳಿ ಸಾರು. ಬೆಳಿಗ್ಗೆ ಕಾವಲಿಯಿಂದ ನೇರವಾಗಿ ತಟ್ಟೆಗೆ ಬರುವ ಅಕ್ಕಿ ರೊಟ್ಟಿ, ಸೂಜಿಮೆಣಸು ಹಾಕಿ ಅರೆದ ಕಾಯಿ ಚಟ್ನಿ, ಕೊನೆಗೆ ಬೆಲ್ಲದ ಕಾಫಿ. ತಿಂಡಿಯ ನಂತರ ತೋಟದ ಯಜಮಾನರೇ ನಮ್ಮನ್ನು ಸುತ್ತಿಸಿದರು. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದು ರೋಬಸ್ಟಾ ಹಣ್ಣು ಕೊಯ್ಯುವ ಹೊತ್ತು ಅದು. ಕಾಫಿ ಹಣ್ಣಿನ ತೆಳ್ಳನೆಯ ಸಿಹಿ ತಿರುಳನ್ನು ಚೀಪಿ ನೋಡಿದ ಮಕ್ಕಳಿಗೆ, ಕಹಿ ಕಾಫಿ ಇದರಿಂದಲೇ ಬರುತ್ತದೆ ಎಂದರೆ ನಂಬಿಕೆಯೇ ಬರಲಿಲ್ಲ. ಪಲ್ಪರ್‌ನಲ್ಲಿ ಸಿಪ್ಪೆ ಬೇರೆಯಾಗುವುದು, ತೊಳೆದ ಬೀಜ ಕಣದಲ್ಲಿ ಒಣಗುವುದು, ಒಂದು ಹಣ್ಣಿನಲ್ಲಿ ಎರಡರ ಬದಲು ಒಂದೇ ದುಂಡು ಬೀಜವಿದ್ದರೆ ಅದು ಪೀಬೆರಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಇವೆಲ್ಲವನ್ನೂ ಅವರು ತಾಳ್ಮೆಯಿಂದ ತೋರಿಸಿದರು. ಏರಿನ ತುದಿಯಿಂದ ಬಾಬಾಬುಡನ್‌ಗಿರಿಯ ಸಾಲು ಕಂಡಿತು. ಹದಿನೇಳನೆಯ ಶತಮಾನದಲ್ಲಿ ಯೆಮನ್‌ನ ಮೋಖಾದಿಂದ ಬಾಬಾ ಬುಡನ್ ಏಳು ಬೀಜ ತಂದು ನೆಟ್ಟದ್ದು ಅಲ್ಲೇ ಎಂಬ ಮಾತನ್ನು, ಆ ಬೆಟ್ಟವನ್ನು ಕಣ್ಣೆದುರು ಇಟ್ಟುಕೊಂಡು ಕೇಳುವುದರ ಸೊಗಸೇ ಬೇರೆ.

ಅಷ್ಟು ಹತ್ತಿರ ಹೋಗಿ ಮುಳ್ಳಯ್ಯನಗಿರಿಗೆ ಹೋಗಲಿಲ್ಲವೇ ಎಂದು ಬಂದ ಮೇಲೆ ಎಲ್ಲರೂ ಕೇಳಿದರು. ಹೋಗಲಿಲ್ಲ. 1,930 ಮೀಟರ್ ಎತ್ತರದ, ರಾಜ್ಯದಲ್ಲೇ ಅತಿ ಎತ್ತರದ ಆ ಶಿಖರಕ್ಕೆ ವಾಹನಗಳ ಮುಂಗಡ ನೋಂದಣಿ ಮಾಡಿಸಬೇಕು, ಕೊನೆಯ ಭಾಗವನ್ನು ಮೆಟ್ಟಿಲು ಹತ್ತಿಯೇ ತಲುಪಬೇಕು. ನೋಯುವ ಮೊಣಕಾಲಿಗೆ ಅದು ಒಗ್ಗುವ ಮಾತಲ್ಲ. ಬೆಟ್ಟಕ್ಕೆ ಬೇರೆಯೇ ಒಂದು ದಿನ ಕೊಡಬೇಕು. ದೇವಾಲಯಗಳ ನಡುವೆ ಅದನ್ನು ತುರುಕಿದರೆ ಎರಡೂ ಕೆಡುತ್ತವೆ.

ಎರಡನೆಯ ದಿನ ಹನ್ನೊಂದರ ಹೊತ್ತಿಗೆ ಬೆಳವಾಡಿ ತಲುಪಿದೆವು. ಚಿಕ್ಕಮಗಳೂರಿನಿಂದ ಜಾವಗಲ್ ಕಡೆಗೆ ಹೋಗುವ ರಸ್ತೆಯಲ್ಲಿ, ಹಳೇಬೀಡಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿರುವ ಈ ಊರನ್ನೇ ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಎನ್ನುತ್ತಾರೆ. ಇಮ್ಮಡಿ ವೀರಬಲ್ಲಾಳನ ಕಾಲದ, 1200ರ ಸುಮಾರಿನ ವೀರನಾರಾಯಣ ದೇವಾಲಯ ತ್ರಿಕೂಟ. ನಡುವೆ ವೀರನಾರಾಯಣ, ಎದುರುಬದುರಾದ ಇನ್ನೆರಡು ಗುಡಿಗಳಲ್ಲಿ ವೇಣುಗೋಪಾಲ ಮತ್ತು ಯೋಗಾನರಸಿಂಹ. ಬೇಲೂರಿನಲ್ಲಿ ಶಿಖರವಿಲ್ಲ, ಹಳೇಬೀಡಿನಲ್ಲೂ ಇಲ್ಲ. ಇಲ್ಲಿ ಮೂರೂ ಗುಡಿಗಳ ಮೇಲೆ ಶಿಖರಗಳು ನಿಂತಿವೆ. ಹೊಯ್ಸಳ ಗುಡಿಯೊಂದು ಪೂರ್ಣವಾಗಿ ಹೇಗೆ ಕಾಣುತ್ತಿತ್ತು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಮಂಟಪ ಎಷ್ಟು ವಿಶಾಲವೆಂದರೆ, ನುಣುಪಾದ ದುಂಡು ಕಂಬಗಳ ಸಾಲಿನ ನಡುವೆ ನಡುಹಗಲಿನಲ್ಲೂ ತಂಪಾದ ಗಾಳಿ ಆಡುತ್ತಿತ್ತು. ಬೇಲೂರಿನಲ್ಲಿ ನಮ್ಮನ್ನು ಓಡಿಸಿದ ಅದೇ ಬಿಸಿಲು ಇಲ್ಲಿ ಕಂಬಗಳಾಚೆಗೆ ನಿಂತುಕೊಂಡಿತ್ತು. ಅರ್ಚಕರು ಅವಸರವಿಲ್ಲದೆ ಮಂಗಳಾರತಿ ಎತ್ತಿ, ವೇಣುಗೋಪಾಲನ ಸುತ್ತ ಕೆತ್ತಿರುವ ಹಸುಗಳನ್ನೂ ಗೋಪಾಲಕರನ್ನೂ ದೀಪದ ಬೆಳಕಿನಲ್ಲಿ ತೋರಿಸಿದರು. ಅಮ್ಮ ಆ ಗುಡಿಯ ಮುಂದಿನಿಂದ ಮುಕ್ಕಾಲು ಗಂಟೆ ಏಳಲಿಲ್ಲ, ನಾವೂ ಎಬ್ಬಿಸಲಿಲ್ಲ. ಎರಡು ದಿನದ ಸುತ್ತಾಟದಲ್ಲಿ ಒಂದೇ ಒಂದು ಜಾಗವನ್ನು ಉಳಿಸಿಕೊಳ್ಳಿ ಎಂದರೆ ನಾನು ಬೆಳವಾಡಿಯನ್ನೇ ಉಳಿಸಿಕೊಳ್ಳುತ್ತೇನೆ.

ಹಳೇಬೀಡನ್ನು ಮೂರು ಗಂಟೆಯ ನಂತರಕ್ಕೆ ಇಟ್ಟುಕೊಂಡದ್ದು ಬೇಕೆಂದೇ. 1121ರ ಸುಮಾರಿಗೆ ಕೆಲಸ ಆರಂಭವಾದ ಹೊಯ್ಸಳೇಶ್ವರ ದೇವಾಲಯ ಪೂರ್ವಾಭಿಮುಖವಾಗಿದೆ. ಅದರ ದೊಡ್ಡ ಶಿಲ್ಪಗಳೆಲ್ಲ ಸಾಲುಗಟ್ಟಿರುವುದು ಹಿಂಭಾಗದ, ಎಂದರೆ ಪಶ್ಚಿಮದ ಗೋಡೆಗಳ ಮೇಲೆ. ಬೆಳಿಗ್ಗೆ ಬಂದವರಿಗೆ ಆ ಗೋಡೆ ನೆರಳಿನಲ್ಲಿರುತ್ತದೆ. ಮಧ್ಯಾಹ್ನದ ಮೇಲೆ ಸೂರ್ಯ ಇಳಿಯುತ್ತಾ ಬಂದಂತೆ ಕೈಲಾಸ ಎತ್ತುವ ರಾವಣ, ಗಜಾಸುರನ ಚರ್ಮದೊಳಗೆ ಕುಣಿಯುವ ಶಿವ ಎಲ್ಲರೂ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದಂತೆ ಕಾಣುತ್ತಾರೆ. ಮಕ್ಕಳಿಗೆ ಕೆಳಗಿನ ಪಟ್ಟಿಕೆಗಳೇ ಸಾಕು: ಆನೆ, ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ ಮತ್ತು ಮಹಾಭಾರತ, ಮತ್ತೆ ಮಕರ, ಹಂಸ. ಒಂದು ಆನೆಯಂತೆ ಇನ್ನೊಂದಿಲ್ಲ ಎಂಬ ಮಾತನ್ನು ಪರೀಕ್ಷಿಸಲು ಹೊರಟ ಚಿಕ್ಕವನು ಎಪ್ಪತ್ತರವರೆಗೆ ಎಣಿಸಿ ಬಿಟ್ಟುಬಿಟ್ಟ. 1311ರಲ್ಲಿ ಮಲಿಕ್ ಕಾಫರ್‌ನ ದಾಳಿಗೆ ಸಿಕ್ಕ ರಾಜಧಾನಿ ಇದು. ಮುರಿದ ಕೈ, ಒಡೆದ ಮೂಗುಗಳ ಮುಂದೆ ನಿಂತು ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಲು ಹಿರಿಯರು ಸಿದ್ಧರಾಗಿರಬೇಕು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಬರುವವರು ಹೆಚ್ಚಿದ್ದಾರೆಂಬುದು ನಮ್ಮಂಥ ಅಕ್ಕಪಕ್ಕದವರ ಕಣ್ಣಂದಾಜು. ಆದರೂ ಇಲ್ಲಿನ ಹುಲ್ಲುಹಾಸು ವಿಶಾಲವಾಗಿರುವುದರಿಂದ ಬೇಲೂರಿನಷ್ಟು ಒತ್ತಡ ಅನ್ನಿಸುವುದಿಲ್ಲ.

ಬಂದವರಲ್ಲಿ ಹೆಚ್ಚಿನವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಆಟೋದಲ್ಲಿ ಐದು ನಿಮಿಷ ಹೋದರೆ ಬಸ್ತಿಹಳ್ಳಿಯ ಬಸದಿಗಳು ಸಿಗುತ್ತವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಒಳಕಂಬಗಳು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ. ಮಕ್ಕಳು ಕಂಬದೊಳಗೆ ತಮ್ಮ ಮುಖ ಹಿಗ್ಗಿ ಕುಗ್ಗುವುದನ್ನು ನೋಡಿ ನಗುತ್ತಿರುವಾಗ, ಅಮ್ಮ ಹೊಸ್ತಿಲ ಬಳಿ ಕುಳಿತು ಕಾಲಿಗೆ ಎಣ್ಣೆ ಹಚ್ಚಿಕೊಂಡರು. ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗುವ ಆಸೆಯಿದ್ದವರು ಶುಕ್ರವಾರ ಅದಕ್ಕೆ ರಜೆ ಎಂಬುದನ್ನು ನೆನಪಿಡಬೇಕು, ಬಸದಿಗಳಿಗೆ ಹೊರಡುವ ಮೊದಲೇ ಅದನ್ನು ಮುಗಿಸಿಕೊಳ್ಳಬೇಕು. ನಾವು ತಡ ಮಾಡಿದ್ದರಿಂದ ಅದು ಈ ಸಲ ತಪ್ಪಿತು. ಹಾಸನಕ್ಕೆ ಮೂವತ್ತು ಕಿಲೋಮೀಟರಿನ ದಾರಿ, ಕತ್ತಲಾಗುವಷ್ಟರಲ್ಲಿ ಮನೆ ಸೇರಿದೆವು. ಅಮ್ಮ ಮೊದಲು ಮಾಡಿದ ಕೆಲಸವೆಂದರೆ ಫಿಲ್ಟರ್‌ಗೆ ಪುಡಿ ಹಾಕಿದ್ದು.