ಈ ಸಾಲನ್ನು ಏಕೆ ಬರೆದರು? ಗಿಟ್ ಬಳಸಿದವರ ಅನುಭವ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಐದು ಜನ ಸೇರಿ ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುತ್ತೇವೆ. ಠೇವಣಿ, ಸಾಲ, ಬಡ್ಡಿ, ಕನ್ನಡದಲ್ಲಿ ಮುದ್ರಣವಾಗುವ ರಸೀದಿ, ಇಷ್ಟು ನಮ್ಮ ಪ್ರಪಂಚ. 2016ರಿಂದ ಈ ಕೆಲಸಕ್ಕೆ ಗಿಟ್ ಬಳಸುತ್ತಿದ್ದೇವೆ. ಕೋಡ್‌ನಲ್ಲಿ, ಅಂದರೆ ತಂತ್ರಾಂಶದ ಬರಹದಲ್ಲಿ, ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನು ದಾಖಲಿಸಿಡುವ ತಂತ್ರಾಂಶ ಅದು. ಹೊಸದಾಗಿ ಸೇರುವವರು ಮೊದಲ ದಿನವೇ "ಫೋಲ್ಡರ್ ಕಾಪಿ ಮಾಡಿಟ್ಟುಕೊಂಡರೆ ಸಾಲದೇ ಮೇಡಂ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಾವೂ ಫೋಲ್ಡರ್ ಕಾಪಿ ಮಾಡಿದವರೇ. ಸಂಜೆಯಾದರೆ ಇಡೀ ಫೋಲ್ಡರಿಗೆ ಆ ದಿನದ ತಾರೀಖು ಕೊಟ್ಟು ಪೆನ್‌ಡ್ರೈವಿಗೆ ಹಾಕುತ್ತಿದ್ದೆವು. ಆ ವರ್ಷದ ಮಾರ್ಚ್ ಕೊನೆಯ ವಾರ, ವರ್ಷಾಂತ್ಯದ ಗಡಿಬಿಡಿಯಲ್ಲಿ, ಇಬ್ಬರು ಒಂದೇ ಫೈಲನ್ನು ತಿದ್ದಿದರು. ಒಬ್ಬರು ಸುಸ್ತಿಬಡ್ಡಿಯ ದರ ಬದಲಿಸಿದ್ದರು, ಇನ್ನೊಬ್ಬರು ರಸೀದಿಯ ಅಂಚು ಸರಿಮಾಡಿದ್ದರು. ಎರಡನೆಯವರ ಫೈಲು ಮೊದಲನೆಯವರ ಫೈಲಿನ ಮೇಲೆ ಬಿದ್ದು ಹೊಸ ದರ ಅಳಿಸಿಹೋಯಿತು. ಮರುದಿನ ಒಂದು ಸಂಘದಲ್ಲಿ ಸದಸ್ಯರ ಕೈಗೆ ಹಳೆಯ ದರದ ರಸೀದಿಗಳು ಹೋದವು. "ನಿನ್ನೆ ಸರಿಯಾಗಿದ್ದದ್ದು ಇವತ್ತು ಹೇಗೆ ಕೆಟ್ಟಿತು?" ಎಂದು ಕಾರ್ಯದರ್ಶಿಯವರು ಫೋನಿನಲ್ಲಿ ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ.

ಗಿಟ್ ಏನು ಮಾಡುತ್ತದೆ ಎಂಬುದನ್ನು ಸಂಘದ ಗುಮಾಸ್ತರಿಗೆ ವಿವರಿಸುವುದು ಸುಲಭ, ಏಕೆಂದರೆ ಅವರಿಗೆ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಗೊತ್ತು. ಕಿರ್ದಿಯಲ್ಲಿ ತಪ್ಪು ನಮೂದಾದರೆ ಯಾರೂ ಅದನ್ನು ಅಳಿಸುವುದಿಲ್ಲ, ವಿರುದ್ಧ ನಮೂದು ಹಾಕುತ್ತಾರೆ. ಗಿಟ್‌ನಲ್ಲಿ ಆ ವಿರುದ್ಧ ನಮೂದಿಗೆ ರಿವರ್ಟ್ ಎಂದು ಹೆಸರು. ಫೈಲುಗಳನ್ನು ತಿದ್ದುತ್ತೇವೆ, ಯಾವ ಬದಲಾವಣೆ ದಾಖಲಾಗಬೇಕೋ ಅದನ್ನು 'ಆಡ್' ಮಾಡಿ ಆರಿಸುತ್ತೇವೆ, ಒಂದು ಟಿಪ್ಪಣಿ ಬರೆದು 'ಕಮಿಟ್' ಮಾಡುತ್ತೇವೆ. ಆಗ ಇಡೀ ಯೋಜನೆಯ ಆ ಕ್ಷಣದ ಚಿತ್ರ ದಾಖಲಾಗುತ್ತದೆ. ಅದಕ್ಕೆ 40 ಅಕ್ಷರಗಳ ಗುರುತು ಸಿಗುತ್ತದೆ. ಈ ಗುರುತು ಒಳಗಿರುವ ವಿಷಯದಿಂದಲೂ ಹಿಂದಿನ ಕಮಿಟ್‌ನ ಗುರುತಿನಿಂದಲೂ ಲೆಕ್ಕ ಹಾಕಿದ್ದು. ಹಾಗಾಗಿ ನಡುವಿನ ಒಂದು ನಮೂದನ್ನು ತಿದ್ದಿದರೆ ಅಲ್ಲಿಂದ ಮುಂದಿನ ಎಲ್ಲ ಗುರುತುಗಳೂ ಬದಲಾಗಿ ಗುಟ್ಟು ಬಯಲಾಗುತ್ತದೆ. ಹಣದ ಲೆಕ್ಕದ ಕೆಲಸದಲ್ಲಿರುವ ನನಗೆ ಈ ಗುಣ ತುಂಬ ಹಿಡಿಸಿತು. ಇಬ್ಬರು ಒಂದೇ ಸಾಲನ್ನು ತಿದ್ದಿದ್ದರೆ ಗಿಟ್ ಒಬ್ಬರದನ್ನು ಸದ್ದಿಲ್ಲದೆ ನುಂಗುವುದಿಲ್ಲ, ಅಲ್ಲಿಯೇ ನಿಂತು ಎರಡನ್ನೂ ಮುಂದಿಟ್ಟು ಕೇಳುತ್ತದೆ.

ಲಿನಕ್ಸ್ ರೂಪಿಸಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಅನ್ನು 2005ರ ಏಪ್ರಿಲ್‌ನಲ್ಲಿ ಬರೆಯಲು ತೊಡಗಿದರು. ಲಿನಕ್ಸ್‌ನ ತಿರುಳಾದ ಕರ್ನೆಲ್ ಬರೆಯುವ ತಂಡ ಇದೇ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುವುದು ನಿಂತದ್ದು ಅದಕ್ಕೆ ಕಾರಣ. ಗಿಟ್‌ನಲ್ಲಿ ಬದಲಾವಣೆಗಳ ಇತಿಹಾಸದ ಪೂರ್ತಿ ನಕಲು ಪ್ರತಿಯೊಬ್ಬರ ಯಂತ್ರದಲ್ಲೂ ಇರುತ್ತದೆ. ನಾನು ಹಿಂದಿನ ಕೆಲಸದಲ್ಲಿ ಬಳಸಿದ ಸಬ್‌ವರ್ಷನ್ ಎಂಬ ಇಂಥದೇ ತಂತ್ರಾಂಶದಲ್ಲಿ ಕಮಿಟ್ ಮಾಡಲು ಸರ್ವರ್ ಸಿಗಲೇಬೇಕಿತ್ತು. ಇಲ್ಲಿ ಇಂಟರ್ನೆಟ್ ಹೋದ ಮಧ್ಯಾಹ್ನವೂ ಕೆಲಸ ನಿಲ್ಲುವುದಿಲ್ಲ.

ಆದರೆ ಗಿಟ್‌ನ ನಿಜವಾದ ಬೆಲೆ ನನಗೆ ತಿಳಿದದ್ದು 2024ರ ಫೆಬ್ರವರಿ 29ರಂದು. ಅಂದು ಕಂತು ಕಟ್ಟಿದವರ ಬಡ್ಡಿಯಲ್ಲಿ ಒಂದು ದಿನ ಹೆಚ್ಚು ಬರುತ್ತಿತ್ತು. ಹಳೆಯ ಆವೃತ್ತಿಯಲ್ಲಿ ಲೆಕ್ಕ ಸರಿಯಿತ್ತು, ನಡುವೆ ಸುಮಾರು 200 ಕಮಿಟ್‌ಗಳಿದ್ದವು. 'ಬೈಸೆಕ್ಟ್' ಎಂಬ ಆಜ್ಞೆಗೆ ಒಂದು ಒಳ್ಳೆಯ ಕಮಿಟ್, ಒಂದು ಕೆಟ್ಟ ಕಮಿಟ್ ತೋರಿಸಿದೆವು. ಅದು ಸರಿಯಾಗಿ ನಡುವಿನ ಕಮಿಟ್‌ಗೆ ಕರೆದೊಯ್ದು ನಿಲ್ಲಿಸುತ್ತದೆ. ರಸೀದಿ ತೆಗೆದು ನೋಡಿ ಒಳ್ಳೆಯದು ಅಥವಾ ಕೆಟ್ಟದ್ದು ಎಂದರೆ ಉಳಿದ ಅರ್ಧದ ನಡುವಿಗೆ ಹೋಗುತ್ತದೆ. ಎಂಟನೆಯ ರಸೀದಿಗೆ ಕಳ್ಳ ಸಿಕ್ಕಿದ: ಅಧಿಕ ವರ್ಷವಾದರೆ ಒಂದು ದಿನ ಕೂಡಿಸುವ ಒಂದೇ ಒಂದು ಸಾಲು. ಅದರ ಟಿಪ್ಪಣಿಯಲ್ಲಿ ಇದ್ದದ್ದು "ಬದಲಾವಣೆ" ಎಂಬ ಒಂದು ಪದ. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಸಾಲನ್ನು ತೆಗೆದುಬಿಡಬಹುದೇ, ಅಥವಾ ಯಾವುದೋ ಸಂಘ ಕೇಳಿ ಹಾಕಿಸಿಕೊಂಡಿತ್ತೇ? ಎಲ್ಲ ಸಂಘಗಳಿಗೂ ಫೋನ್ ಮಾಡಿ ಕೇಳಿ ಮುಗಿಸಲು ಮೂರು ದಿನ ಹಿಡಿಯಿತು.

ಅದರ ಮೇಲಿನ ಸಾಲಿಗೂ 'ಬ್ಲೇಮ್' ಹಾಕಿ ನೋಡಿದೆ. ಯಾವ ಸಾಲು ಯಾವ ಕಮಿಟ್‌ನಲ್ಲಿ ಬಂತು, ಯಾರು ಬರೆದರು ಎಂದು ತೋರಿಸುವ ಆಜ್ಞೆ ಅದು. 2018ರ ಕಮಿಟ್ ಅದು. "ಸಾಲ ಪಡೆದ ದಿನಕ್ಕೆ ಬಡ್ಡಿ ಇಲ್ಲ, ಪಾವತಿಯ ದಿನಕ್ಕೆ ಇದೆ. ಈ ಸಂಘದ ಉಪನಿಯಮ ಹೀಗಿದೆ. ಕಾರ್ಯದರ್ಶಿಯವರನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ" ಎಂದಿತ್ತು. ಆ ಸಾಲಿನ ಬಗ್ಗೆ ಯಾರಿಗೂ ಒಂದು ಫೋನ್ ಕೂಡ ಮಾಡಬೇಕಾಗಲಿಲ್ಲ. ಏನು ಬದಲಾಯಿತು ಎಂಬುದನ್ನು ಗಿಟ್ ತಾನೇ ಹೇಳುತ್ತದೆ. ಏಕೆ ಎಂಬುದನ್ನು ಮಾತ್ರ ನಾವೇ ಬರೆಯಬೇಕು. ಅಂದಿನಿಂದ ನಮ್ಮಲ್ಲಿ ಟಿಪ್ಪಣಿಗಳೆಲ್ಲ ಕನ್ನಡದಲ್ಲಿ, ಪೂರ್ಣ ವಾಕ್ಯಗಳಲ್ಲಿ. ಇಂಗ್ಲಿಷ್‌ನಲ್ಲಿ ಬರೆಯುವಾಗ ಎರಡು ಪದಕ್ಕೆ ಮುಗಿಸುತ್ತಿದ್ದವರು ಕನ್ನಡದಲ್ಲಿ ಕಾರಣ ಬರೆಯುತ್ತಾರೆ. ಇದನ್ನು ನಾನು ದಿನವೂ ನೋಡುತ್ತಿದ್ದೇನೆ.

ಕನ್ನಡದ ವಿಷಯದಲ್ಲಿ ಕೆಲವು ಎಚ್ಚರಿಕೆಗಳಿವೆ. ಫೈಲಿಗೆ 'ರಸೀದಿ' ಎಂದು ಹೆಸರಿಟ್ಟರೆ ಗಿಟ್ ಅದನ್ನು ಓರೆಗೆರೆ ಮತ್ತು ಮೂರಂಕಿಯ ಸಂಖ್ಯೆಗಳ ಸಾಲಾಗಿ ತೋರಿಸುತ್ತದೆ. 'ಕೋರ್ ಡಾಟ್ ಕೋಟ್‌ಪಾತ್' ಎಂಬ ಸೆಟ್ಟಿಂಗ್ ಅನ್ನು ಆಫ್ ಮಾಡಿದರೆ ಅಕ್ಷರಗಳು ಅಕ್ಷರಗಳಾಗಿಯೇ ಕಾಣುತ್ತವೆ. ಇನ್ನೊಂದು ನಮ್ಮನ್ನು ಅರ್ಧ ದಿನ ಕಾಡಿತ್ತು. 'ಕೊಟ್ಟವರು' ಎಂಬ ಪದ ಎರಡು ಸಾಲಿನಲ್ಲೂ ಒಂದೇ ರೀತಿ ಕಾಣುತ್ತಿದ್ದರೂ ಗಿಟ್ ಬದಲಾಗಿದೆ ಎನ್ನುತ್ತಿತ್ತು. ಕಂಪ್ಯೂಟರಿನ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ 'ಕೊ' ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡುಗಳಾಗಿಯೂ ಬರೆಯಬಹುದು. ಇಬ್ಬರ ಯಂತ್ರಗಳು ಬೇರೆ ಬೇರೆಯಾಗಿ ಬರೆದಿದ್ದವು. ಉದ್ದನೆಯ ಕನ್ನಡ ಪ್ಯಾರಾಗಳಿದ್ದರೆ ಪದಪದವಾಗಿ ವ್ಯತ್ಯಾಸ ತೋರಿಸುವ 'ವರ್ಡ್ ಡಿಫ್' ಬಳಸಿ, ಇಲ್ಲದಿದ್ದರೆ ಒಂದು ಪದ ತಿದ್ದಿದರೂ ಇಡೀ ಪ್ಯಾರಾ ಬದಲಾದಂತೆ ಕಾಣುತ್ತದೆ.

ದೂರುಗಳೂ ಇವೆ. ಆಜ್ಞೆಗಳ ಹೆಸರುಗಳು ಕಲಿಯುವವರ ಬಗ್ಗೆ ಕರುಣೆಯಿಲ್ಲದೆ ಇಟ್ಟಂಥವು. 'ಚೆಕ್‌ಔಟ್' ಒಂದೇ ಪದ ಬ್ರಾಂಚ್ (ಕೆಲಸದ ಪ್ರತ್ಯೇಕ ಕವಲು) ಬದಲಿಸುವುದಕ್ಕೂ ಇತ್ತು, ಫೈಲಿನ ತಿದ್ದುಪಡಿ ಅಳಿಸುವುದಕ್ಕೂ ಇತ್ತು. 2019ರಲ್ಲಿ 2.23ನೇ ಆವೃತ್ತಿಯಲ್ಲಿ 'ಸ್ವಿಚ್', 'ರಿಸ್ಟೋರ್' ಬಂದವು. ಹೊಸಬರು ಈ ಎರಡನ್ನೇ ಕಲಿಯಲಿ. 'ರೀಸೆಟ್ ಹಾರ್ಡ್' ಕಮಿಟ್ ಆಗದ ತಿದ್ದುಪಡಿಯನ್ನು ಒಂದು ಮಾತೂ ಕೇಳದೆ ಅಳಿಸುತ್ತದೆ. ನಮ್ಮ ಹುಡುಗಿಯೊಬ್ಬಳು ಹೀಗೆ ಒಂದು ದಿನದ ಕೆಲಸ ಕಳೆದುಕೊಂಡಳು. ಕಮಿಟ್ ಆಗಿದ್ದರೆ, ನಾವು ಹಿಂದೆ ಯಾವ ಯಾವ ಕಮಿಟ್‌ನಲ್ಲಿದ್ದೆವು ಎಂದು ಬರೆದಿಡುವ 'ರೆಫ್‌ಲಾಗ್'ನಿಂದ ಹಿಂಪಡೆಯಬಹುದಿತ್ತು. ಯಾವ ಬ್ರಾಂಚಿಗೂ ಸೇರದೆ ಉಳಿದ ಕಮಿಟ್‌ಗಳಿಗೆ ಹೀಗೆ ಹಿಂಪಡೆಯಲು ಸಾಮಾನ್ಯ ಸೆಟ್ಟಿಂಗ್‌ನಲ್ಲಿ 30 ದಿನದ ಗಡುವು ಇರುತ್ತದೆ. ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಗಿಟ್‌ನೊಳಗೆ ಹಾಕಬೇಡಿ, ರೆಪೊಸಿಟರಿ (ಫೈಲುಗಳೂ ಅವುಗಳ ಇತಿಹಾಸವೂ ಇರುವ ಸಂಗ್ರಹ) ಊದಿಕೊಳ್ಳುತ್ತದೆ. ಪಾಸ್‌ವರ್ಡ್ ಇರುವ ಫೈಲನ್ನಂತೂ ಎಂದಿಗೂ ಕಮಿಟ್ ಮಾಡಬೇಡಿ. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಹಾಗೆಯೇ ಕುಳಿತಿರುತ್ತದೆ.

ಗಿಟ್‌ಗೆ ದುಡ್ಡು ಕೊಡಬೇಕಿಲ್ಲ, ಅದು ಮುಕ್ತ ತಂತ್ರಾಂಶ. ಗಿಟ್‌ಹಬ್ ಬೇರೆ, ಅದು ಗಿಟ್ ರೆಪೊಸಿಟರಿಗಳನ್ನು ಇಟ್ಟುಕೊಳ್ಳುವ ಸೇವೆ. ಅದಿಲ್ಲದೆಯೂ ನಡೆಯುತ್ತದೆ. ನಮ್ಮ ಕಚೇರಿಯ ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಎಲ್ಲರ ಕೆಲಸ ಬಂದು ಸೇರುತ್ತದೆ, ರಾತ್ರಿ ಅದರ ಪ್ರತಿ ಬೇರೆ ಡಿಸ್ಕಿಗೆ ಹೋಗುತ್ತದೆ.

ಈಗ ಹೊಸಬರಿಗೆ ಮೊದಲ ವಾರ ಕೋಡ್ ಬರೆಯುವ ಕೆಲಸ ಕೊಡುವುದಿಲ್ಲ. ಹಳೆಯ ಲಾಗ್ (ಕಮಿಟ್‌ಗಳ ಪಟ್ಟಿ) ತೆರೆದು ಹತ್ತು ಕಮಿಟ್ ಓದಿ, ಕಾರಣ ತಿಳಿಯದ ಕಡೆ ಗುರುತು ಹಾಕಿ ತರಲು ಹೇಳುತ್ತೇನೆ. ಕಳೆದ ಸೋಮವಾರ ಸೇರಿದವನು ತಂದ ಪಟ್ಟಿಯಲ್ಲಿ ನನ್ನವೇ ಮೂರು ಇದ್ದವು. ಬರೆದದ್ದು ಏಕೆಂದು ನೆನಪಿದ್ದ ಎರಡಕ್ಕೆ ಅಂದೇ ಗಿಟ್‌ನ 'ನೋಟ್ಸ್'ನಲ್ಲಿ, ಅಂದರೆ ಹಳೆಯ ಕಮಿಟ್‌ಗೆ ಆಮೇಲೆ ಅಂಟಿಸುವ ಟಿಪ್ಪಣಿಯಲ್ಲಿ, ಕಾರಣ ಬರೆದು ಸೇರಿಸಿದೆ. ಮೂರನೆಯದರ ಕಾರಣ ಕೇಳಲು ಧಾರವಾಡದ ಸಂಘಕ್ಕೆ ನಾಳೆ ಫೋನ್ ಮಾಡಬೇಕು.