ಟ್ರಯಲ್ಸ್ ಸೈಕಲ್‌ಗೆ ಕ್ರೋಮೋಲಿ ಫೋರ್ಕ್: ಮೂರು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಟ್ರಯಲ್ಸ್ ಸೈಕಲ್‌ಗೆ ಹೊಸ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಹುಡುಕುತ್ತಿದ್ದರೆ 4130 ಕ್ರೋಮೋಲಿ ಸ್ಟೀಲ್‌ನದ್ದು, ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕಿನದ್ದು ತಗೊಳ್ಳಿ. ಡಿಸ್ಕ್ ಬ್ರೇಕ್ ಕೂರಿಸುವ ಮೌಂಟ್ ಇರಲಿ, ಸ್ಟೀರರ್ (ಫ್ರೇಮ್ ಒಳಗಿಂದ ಹ್ಯಾಂಡಲ್ ಕಡೆಗೆ ಹೋಗುವ ಫೋರ್ಕ್‌ನ ಕೊಳವೆ) ಗೋಡೆ ದಪ್ಪಗಿರಲಿ. ತೂಕ ಆಮೇಲೆ ನೋಡಿದರಾಯಿತು. ನನ್ನ 26 ಇಂಚಿನ ಸೈಕಲ್‌ಗೆ ಇಂಥದ್ದೊಂದು ಹಾಕಿ ಮೂರು ವರ್ಷದ ಮೇಲಾಯಿತು. ವಾರದ ದಿನಗಳಲ್ಲಿ ಮನೆ ಹತ್ತಿರ ಪ್ಯಾಲೆಟ್, ಸೈಜುಗಲ್ಲು, ಮೆಟ್ಟಿಲು. ರಜೆ ಸಿಕ್ಕರೆ ರಾಮನಗರದ ಕಡೆ ಬಂಡೆ. ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಎಕೋ, ಟ್ರಯಲ್‌ಟೆಕ್, ಇನ್ಸ್ಪೈರ್ಡ್ ಹೀಗೆ ಈ ಆಟಕ್ಕೆಂದೇ ಸಾಮಾನು ಮಾಡುವವರು ಇದ್ದಾರೆ, ಮಾಡೆಲ್‌ಗಳು ಆಗಾಗ ಬದಲಾಗುತ್ತವೆ. ಹೆಸರಿಗಿಂತ ಫೋರ್ಕ್ ಹೇಗೆ ಕಟ್ಟಿದ್ದಾರೆ ಅನ್ನೋದು ನೋಡೋಕೆ ಬಂದರೆ ಯಾವ ಅಂಗಡಿಯಲ್ಲಿ ಬೇಕಾದರೂ ಆರಿಸಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ಕಾಲು ಕೆಳಗಿಡದೆ ಕಲ್ಲು, ದಿಮ್ಮಿ, ಗೋಡೆಗಳ ಮೇಲೆ ಸೈಕಲ್ ಸಮೇತ ಹತ್ತಿ ಇಳಿಯುವುದೇ ಟ್ರಯಲ್ಸ್. ಸೀಟು ಇರುವುದಿಲ್ಲ, ಇದ್ದರೂ ಹೆಸರಿಗೆ ಮಾತ್ರ. ಮೋಟರ್‌ಸೈಕಲ್ ಟ್ರಯಲ್ಸ್‌ನಿಂದ ಹುಟ್ಟಿದ ಆಟ ಇದು. ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ ಪೆರೆ ಪಿ ಅನ್ನುವವರು ಮಗನಿಗಾಗಿ ಇದನ್ನು ಸೈಕಲ್‌ಗೆ ತಂದರು, ಮಾಂಟಿ ಕಂಪನಿ ಕಟ್ಟಿದರು, ಮಗ ಓಟ್ ಪಿ ವಿಶ್ವ ಚಾಂಪಿಯನ್ ಆದ. 2009ರಲ್ಲಿ ಡ್ಯಾನಿ ಮ್ಯಾಕಾಸ್ಕಿಲ್ ಎಡಿನ್‌ಬರಾದ ಬೀದಿಗಳಲ್ಲಿ ಓಡಿಸಿದ ವಿಡಿಯೋ ಬಂದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ನಮ್ಮಲ್ಲಿ ಇವತ್ತಿಗೂ ಓಡಿಸುವವರು ಕಡಿಮೆ. ಹಾಗಾಗಿ ಫೋರ್ಕ್ ಬಗ್ಗೆ ಕೇಳಿದರೆ ಸರಿಯಾಗಿ ಹೇಳುವ ಅಂಗಡಿ ಸಿಗೋದು ಕಷ್ಟ. ಮೌಂಟನ್ ಬೈಕ್ ಫೋರ್ಕ್ ತೋರಿಸಿ ಇದೇ ಸಾಕು ಅನ್ನುತ್ತಾರೆ. ಸಾಕಾಗಲ್ಲ.

ಯಾಕೆ ಸಾಕಾಗಲ್ಲ ಅಂದರೆ, ಟ್ರಯಲ್ಸ್‌ನಲ್ಲಿ ಪೆಟ್ಟು ಬೀಳುವ ರೀತಿಯೇ ಬೇರೆ. ಹಿಂದಿನ ಚಕ್ರದ ಮೇಲೆ ನಿಂತು ಹಾರಿ, ಬ್ರೇಕ್ ಬಿಗಿಹಿಡಿದ ಮುಂದಿನ ಚಕ್ರವನ್ನು ಎದುರಿನ ಕಲ್ಲಿನ ಅಂಚಿಗೆ ಇಡುತ್ತೀರಿ. ಆ ಕ್ಷಣ ಮೈಭಾರ ಪೂರ್ತಿ ಮುಂದಿನ ಚಕ್ರದ ಮೇಲೆ. ಫೋರ್ಕ್ ಹಿಂದಕ್ಕೆ, ಡೌನ್‌ಟ್ಯೂಬ್ (ಫ್ರೇಮ್‌ನ ಕೆಳಗಿನ ಓರೆ ಕೊಳವೆ) ಕಡೆಗೆ ಬಾಗಲು ನೋಡುತ್ತದೆ. ಆಕ್ಸಲ್‌ನಿಂದ ಕ್ರೌನ್‌ವರೆಗೆ (ಚಕ್ರದ ಅಚ್ಚಿನಿಂದ ಫೋರ್ಕ್‌ನ ಕಾಲುಗಳು ಸೇರುವ ಜಾಗದವರೆಗೆ) 400 ಮಿಮೀ ಆಸುಪಾಸಿನ ಸನ್ನೆ ಅದು, ಅದರ ಜೋರೆಲ್ಲ ಹೋಗಿ ಕೂರುವುದು ಕ್ರೌನ್ ರೇಸ್ (ಕೆಳಗಿನ ಬೇರಿಂಗ್ ಕೂರುವ ಉಂಗುರ) ಕೂರುವ ಜಾಗದಲ್ಲಿ, ಅಂದರೆ ಸ್ಟೀರರ್ ಬುಡದಲ್ಲಿ. ಸಸ್ಪೆನ್ಶನ್ ಇಲ್ಲದ ಕಾರಣ ಪೆಟ್ಟನ್ನು ನುಂಗುವವರು ಯಾರೂ ಇಲ್ಲ. ಟೈರು, ಆಮೇಲೆ ನಿಮ್ಮ ಮಣಿಕಟ್ಟು, ಅಷ್ಟೇ. ಫೋರ್ಕ್‌ನ ಕಾಲು ಬಗ್ಗಿದರೆ ನಡೆದುಕೊಂಡು ಮನೆಗೆ ಬರಬಹುದು. ಸ್ಟೀರರ್ ಬುಡ ಮುರಿದರೆ ಹ್ಯಾಂಡಲ್ ಕೈಯಲ್ಲಿ ಉಳಿಯುತ್ತದೆ, ಚಕ್ರ ಬೇರೆ ದಾರಿ ಹಿಡಿಯುತ್ತದೆ, ಮುಖ ಕಲ್ಲಿಗೆ. ಅದಕ್ಕೇ ನಾನು ಮೊದಲು ನೋಡೋದು ಸ್ಟೀರರ್.

ನನ್ನ ಸೆಕೆಂಡ್ ಹ್ಯಾಂಡ್ ಸೈಕಲ್ ಜೊತೆ ಬಂದಿದ್ದು ಅಲ್ಯೂಮಿನಿಯಂ ಫೋರ್ಕ್. ಹಗುರ, ನೋಡೋಕೂ ಚೆನ್ನಾಗಿತ್ತು. ಕೆಲವು ತಿಂಗಳಾದ ಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ ಅಲುಗಾಡಿಸಿದಾಗ ಟಕ್ ಅಂತ ಸಣ್ಣ ಸದ್ದು ಶುರುವಾಯಿತು. ಹೆಡ್‌ಸೆಟ್ (ಸ್ಟೀರರ್ ತಿರುಗುವ ಬೇರಿಂಗ್‌ಗಳು) ಬಿಗಿ ಮಾಡಿದರೂ ಹೋಗಲಿಲ್ಲ. ಬಿಚ್ಚಿ ನೋಡಿದರೆ ಕಣ್ಣಿಗೆ ಏನೂ ಕಾಣಲಿಲ್ಲ, ಕೂದಲೆಳೆಯಂಥ ಒಂದು ಗೆರೆ ಬಿಟ್ಟರೆ. ಅದು ಗೀಚಿದ್ದೋ ಬಿರುಕೋ ಗೊತ್ತಾಗಲಿಲ್ಲ. ಪೀಣ್ಯದಲ್ಲಿ ವೆಲ್ಡಿಂಗ್ ಕೆಲಸ ಮಾಡುವ ಗೆಳೆಯನೊಬ್ಬ ಅಲ್ಲಿಗೇ ತರಲು ಹೇಳಿದ. ಅವನು ಆ ಜಾಗವನ್ನು ಕ್ಲೀನರ್ ಹಾಕಿ ಒರೆಸಿ, ಕೆಂಪು ಡೈ ಸ್ಪ್ರೇ ಮಾಡಿ, ಚಹಾ ಕುಡಿಯುವಷ್ಟು ಹೊತ್ತು ಬಿಟ್ಟ. ಆಮೇಲೆ ಬಟ್ಟೆಯಲ್ಲಿ ಕೆಂಪು ಪೂರ್ತಿ ಒರೆಸಿ ಬಿಳಿ ಡೆವಲಪರ್ ಹೊಡೆದ. ಬಿಳಿ ಪುಡಿ ಒಣಗುತ್ತಾ ಬಂದ ಹಾಗೆ ಕ್ರೌನ್ ರೇಸ್‌ಗೆ ಸ್ವಲ್ಪ ಮೇಲೆ, ಸ್ಟೀರರ್ ಸುತ್ತ, ಕೆಂಪು ಗೆರೆಯೊಂದು ತಾನಾಗಿ ಮೇಲೆದ್ದು ಬಂತು. ಸುತ್ತಳತೆಯ ಮೂರನೇ ಒಂದು ಭಾಗ ಆಗಲೇ ಬಿಟ್ಟುಕೊಂಡಿತ್ತು. ಆ ಫೋರ್ಕ್ ಅನ್ನು ಅಲ್ಲೇ ಎರಡು ತುಂಡು ಮಾಡಿಸಿ ಗುಜರಿಗೆ ಹಾಕಿದೆ. ಇನ್ನೊಬ್ಬರ ಕೈಗೆ ಅದು ಹೋಗಬಾರದಿತ್ತು.

ಇದು ಆ ಒಂದು ಫೋರ್ಕ್‌ನ ಕಥೆ ಅಲ್ಲ, ಲೋಹದ ಸ್ವಭಾವ. ಸ್ಟೀಲ್‌ಗೆ ಒಂದು ಮಿತಿ ಇದೆ, ಅದಕ್ಕಿಂತ ಕಡಿಮೆ ಪೆಟ್ಟು ಎಷ್ಟು ಸಲ ಬಿದ್ದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ. ಸಣ್ಣ ಸಣ್ಣ ಪೆಟ್ಟೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಅಲ್ಯೂಮಿನಿಯಂ ತಂತಿಯನ್ನು ಅದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿದರೆ ಕೊನೆಗೆ ಪಟ್ ಅಂತ ತುಂಡಾಗುತ್ತದಲ್ವಾ, ಹಾಗೆ. ಜೊತೆಗೆ ಕ್ರೋಮೋಲಿ ಮುರಿಯುವ ಮೊದಲು ಸಾಮಾನ್ಯವಾಗಿ ಬಗ್ಗುತ್ತದೆ. ಚಕ್ರ ಒಂದು ಕಡೆಗೆ ವಾಲುತ್ತದೆ, ಟೈರು ಡೌನ್‌ಟ್ಯೂಬ್‌ಗೆ ಹತ್ತಿರ ಬರುತ್ತದೆ, ರೋಟರ್ (ಡಿಸ್ಕ್ ಬ್ರೇಕ್‌ನ ತಟ್ಟೆ) ಪ್ಯಾಡ್‌ಗೆ ಉಜ್ಜುತ್ತದೆ. ಏನೋ ಆಗಿದೆ ಅಂತ ತಿಳಿಯೋಕೆ ಸಮಯ ಸಿಗುತ್ತದೆ. ನನಗೆ ಆ ಸಮಯ ಬೇಕು.

ಈಗ ಮೂರು ವರ್ಷದ ಅನುಭವ. ಮುಂದಿನ ಚಕ್ರಕ್ಕೆ ಹಾರುವಾಗ ಇದ್ದ ಹಿಂಜರಿಕೆ ಹೋಯಿತು, ಅದೇ ದೊಡ್ಡ ಲಾಭ. ಕಾಲುಗಳು ತೆಳ್ಳಗಿರುವುದರಿಂದ ಸಣ್ಣದಾಗಿ ಮಣಿಯುತ್ತವೆ, ಎತ್ತರದಿಂದ ಇಳಿದಾಗ ಮಣಿಕಟ್ಟಿಗೆ ಮೊದಲಿನಷ್ಟು ಏಟು ಇಲ್ಲ. ರಾಮನಗರದ ಬಂಡೆ ಅಂದರೆ ಕ್ಲೋಸ್‌ಪೇಟ್ ಗ್ರಾನೈಟ್, ದಪ್ಪ ದಪ್ಪ ಹರಳಿನದ್ದು, ಒಣಗಿದ್ದಾಗ ಟೈರು ಅಂಟಿಕೊಂಡಂತೆ ನಿಲ್ಲುತ್ತದೆ. ಜಾರದ ಕಡೆ ಫೋರ್ಕ್‌ಗೆ ಪೆಟ್ಟು ಜಾಸ್ತಿ, ಯಾಕೆಂದರೆ ಚಕ್ರ ಒಂದಿಷ್ಟೂ ಹಿಂದೆ ಸರಿಯದೆ ಜೋರೆಲ್ಲ ನೇರ ಮೇಲಕ್ಕೆ ಬರುತ್ತದೆ. ಅಷ್ಟಾದರೂ ಇವತ್ತಿಗೂ ಚಕ್ರ ನಡುವಲ್ಲೇ ಇದೆ. ಎರಡು ಸಲ ಡೈ ಟೆಸ್ಟ್ ಮಾಡಿಸಿದ್ದೇನೆ, ಎರಡೂ ಸಲ ಬಿಳಿ ಬಿಳಿಯಾಗೇ ಉಳಿಯಿತು.

ತೂಕದ ಮಾತು ಮುಚ್ಚಿಡುವುದಿಲ್ಲ. ಅಲ್ಯೂಮಿನಿಯಂಗಿಂತ ಸುಮಾರು 300, 400 ಗ್ರಾಂ ಜಾಸ್ತಿ ಬರುತ್ತದೆ, ಅದೂ ಪ್ರತಿ ಸಲ ಮೇಲೆತ್ತಬೇಕಾದ ತುದಿಯಲ್ಲಿ. ಹಿಂದಿನ ಚಕ್ರದ ಮೇಲೆ ತುಂಬಾ ಹೊತ್ತು ಕುಪ್ಪಳಿಸುವಾಗ ತೋಳಿಗೆ ಗೊತ್ತಾಗುತ್ತದೆ. ಮೊದಲ ಕೆಲವು ವಾರ ನನ್ನ ಟೈಮಿಂಗ್ ತಪ್ಪುತ್ತಿತ್ತು, ಆಮೇಲೆ ಒಗ್ಗಿಕೊಂಡಿತು. ಸ್ಪರ್ಧೆಗೆ ಹೋಗುವವರಿಗೆ ಆ 400 ಗ್ರಾಂ ನಿಜಕ್ಕೂ ದೊಡ್ಡದು, ಅವರು ಅಲ್ಯೂಮಿನಿಯಂ ಅಥವಾ ಕಾರ್ಬನ್ ಹಾಕುವುದರಲ್ಲಿ ಅರ್ಥ ಇದೆ. ಆದರೆ ಅವರು ಭಾಗಗಳನ್ನು ಆಗಾಗ ಬದಲಾಯಿಸುತ್ತಾರೆ. ನಾವು ಒಂದು ಫೋರ್ಕ್ ತರಿಸಲು ವಿದೇಶದಿಂದ ಯಾರಾದರೂ ಬರುವವರೆಗೆ ಕಾಯುವವರು. ಕಾರ್ಬನ್ ಬೆಲೆ ಸ್ಟೀಲ್‌ನ ಎರಡು ಪಟ್ಟು ದಾಟುತ್ತದೆ. ಕಲ್ಲಿಗೆ ತಗುಲಿ ಒಳಗೆ ಪದರ ಬಿಟ್ಟುಕೊಂಡರೆ ಹೊರಗಿಂದ ಕಾಣುವುದೇ ಇಲ್ಲ. ಬಂಡೆ ಮೇಲೆ ಓಡಿಸುವವರಿಗೆ ನಾನು ಹೇಳೋದಿಲ್ಲ.

ಡಿಸ್ಕೋ ರಿಮ್ ಬ್ರೇಕೋ ಅನ್ನೋದು ಫೋರ್ಕ್ ಆರಿಸುವಾಗಲೇ ತೀರ್ಮಾನ ಆಗಬೇಕು, ಆಮೇಲೆ ಬದಲಾಯಿಸೋಕೆ ಆಗಲ್ಲ. ಮಗುರಾ ಕಂಪನಿಯ ಹೈಡ್ರಾಲಿಕ್ ರಿಮ್ ಬ್ರೇಕ್ ಹಾಕಬೇಕೆಂದರೆ ಟ್ರಯಲ್ಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಬೋಲ್ಟ್‌ನ ಮೌಂಟ್ ಇರುವ ಫೋರ್ಕ್ ತಗೊಳ್ಳುತ್ತಾರೆ. ಹಿಡಿತ ಅದ್ಭುತ, ಅದರಲ್ಲೂ ರಿಮ್ ಮೇಲೆ ಗ್ರೈಂಡರ್ ಆಡಿಸಿ ಗರಗರ ಮಾಡಿದರೆ. ಆದರೆ ಪ್ಯಾಡ್ ಒತ್ತುವಾಗ ಕಾಲುಗಳೆರಡೂ ಹೊರಕ್ಕೆ ಅಗಲುತ್ತವೆ, ಗಟ್ಟಿ ಕಾಲಿಲ್ಲದಿದ್ದರೆ ಲಿವರ್ ಮೆತ್ತಗಾಗುತ್ತದೆ. ಡಿಸ್ಕ್‌ನಲ್ಲಿ ಸಮಸ್ಯೆ ಬೇರೆ, ಭಾರ ಎಡಗಾಲಿಗೆ ಮಾತ್ರ. ಲೆಕ್ಕ ಹಾಕಿ ನೋಡಿ. ಆಕ್ಸಲ್‌ನಿಂದ ನೆಲಕ್ಕೆ ಸುಮಾರು 330 ಮಿಮೀ, 160 ಮಿಮೀ ರೋಟರ್‌ನಲ್ಲಿ ಪ್ಯಾಡ್ ಹಿಡಿಯುವ ಜಾಗ ಆಕ್ಸಲ್‌ನಿಂದ 70, 75 ಮಿಮೀ ಅಷ್ಟೇ. ಅಂದರೆ ನೆಲದಲ್ಲಿ 50 ಕಿಲೋ ತಡೆದರೆ ಕ್ಯಾಲಿಪರ್ (ಪ್ಯಾಡ್ ಒತ್ತುವ ಭಾಗ) ಹತ್ತಿರ 220 ಕಿಲೋ ಮೀರುತ್ತದೆ. ಹಾಗಾಗಿ ಡಿಸ್ಕ್ ಫೋರ್ಕ್ ಕೈಗೆ ಬಂದ ತಕ್ಷಣ ಎಡಗಾಲಿನ ಬ್ರೇಕ್ ಮೌಂಟ್‌ನ ವೆಲ್ಡಿಂಗ್ ನೋಡಿ. ವೆಲ್ಡ್ ಮೌಂಟ್‌ನ ಕೊನೆಯವರೆಗೆ ನುಣ್ಣಗೆ ಹೋಗಿ ಕಾಲಿಗೆ ಸೇರಬೇಕು. ತಟ್ಟನೆ ನಿಂತಿದ್ದರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ನನ್ನದರಲ್ಲಿ ಎಡಗಾಲಿನ ಒಳಗೆ ಒಂದು ಸಣ್ಣ ಆಸರೆ ಪಟ್ಟಿಯೂ ಇದೆ, ನೋಡೋಕೆ ಅಂದ ಇಲ್ಲ, ಕೆಲಸ ಮಾಡುತ್ತದೆ.

ನಾನು ಡಿಸ್ಕ್ ಆರಿಸಿದ್ದು ನಮ್ಮ ಮಳೆಗೆ. ಜೂನ್ ಬಂತೆಂದರೆ ರಿಮ್ ಬ್ರೇಕ್ ಒದ್ದೆಯಾಗಿ ಮನಸ್ಸಿಗೆ ಬಂದಂತೆ ಹಿಡಿಯುತ್ತಿತ್ತು.

ಆಕ್ಸಲ್ ಕೂರುವ ಡ್ರಾಪ್‌ಔಟ್ ದಪ್ಪ ಇರಬೇಕು. ಚಕ್ರದ ಹಬ್ ಅನ್ನು ಬೋಲ್ಟ್‌ನಿಂದಲೇ ಬಿಗಿ ಮಾಡಿ, ಕ್ವಿಕ್ ರಿಲೀಸ್ ಬೇಡವೇ ಬೇಡ. ಕ್ಯಾಲಿಪರ್ ಕಾಲಿನ ಹಿಂದೆ ಇರುವುದರಿಂದ ಡಿಸ್ಕ್ ಬ್ರೇಕ್ ಹಿಡಿದಾಗ ಆಕ್ಸಲ್ ಕೆಳಕ್ಕೆ, ಡ್ರಾಪ್‌ಔಟ್‌ನಿಂದ ಹೊರಕ್ಕೆ ಜಾರಲು ನೋಡುತ್ತದೆ.

ಅಳತೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೇ ಫೋರ್ಕ್‌ನ ಆಕ್ಸಲ್‌ನಿಂದ ಕ್ರೌನ್‌ವರೆಗಿನ ಉದ್ದ ಅಳೆದು ಅದಕ್ಕೆ ಹತ್ತಿರದ್ದೇ ತಗೊಳ್ಳಿ. 20 ಮಿಮೀ ಉದ್ದ ಜಾಸ್ತಿಯಾದರೆ ಹೆಡ್ ಆಂಗಲ್ (ಸ್ಟೀರರ್ ಎಷ್ಟು ಓರೆ ಇದೆ ಅನ್ನೋ ಕೋನ) ಹೆಚ್ಚುಕಡಿಮೆ 1 ಡಿಗ್ರಿ ಮಲಗುತ್ತದೆ, ಸೈಕಲ್ ಬೇರೆಯವರದ್ದು ಅನ್ನಿಸೋಕೆ ಅಷ್ಟು ಸಾಕು. ಮೌಂಟನ್ ಬೈಕ್ ಫೋರ್ಕ್ ಬೇಡ ಅನ್ನೋದಕ್ಕೆ ಇದೂ ಒಂದು ಕಾರಣ. ಸ್ಟೀರರ್ 28.6 ಮಿಮೀ ನೇರವಾದದ್ದೋ, ಬುಡದಲ್ಲಿ ದಪ್ಪಗಾಗುವ ಟೇಪರ್ಡ್ ಬಗೆಯದೋ ನೋಡಿ. ಫ್ರೇಮ್ ಒಪ್ಪುವುದಾದರೆ ಟೇಪರ್ಡ್ ಒಳ್ಳೆಯದು, ಮುರಿಯುವ ಜಾಗವೇ ಅಲ್ಲಿ ದಪ್ಪಗಿರುತ್ತದೆ. ಡಿಸ್ಕ್ ಮೌಂಟ್‌ನಲ್ಲಿ ಎರಡು ಬಗೆ ಇವೆ, ತೂತುಗಳ ನಡುವೆ 51 ಮಿಮೀ ಇದ್ದರೆ ಐಎಸ್ (ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್), 74 ಇದ್ದರೆ ಪೋಸ್ಟ್ ಮೌಂಟ್. ಅಡಾಪ್ಟರ್ ಅದಕ್ಕೆ ತಕ್ಕಂತೆ.

ಬಣ್ಣದ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳುತ್ತೇನೆ. ಬಿಳಿ ಅಥವಾ ಬೆಳ್ಳಿ ಬಣ್ಣದ ಫೋರ್ಕ್ ಸಿಕ್ಕರೆ ಅದನ್ನೇ ತಗೊಳ್ಳಿ. ಸ್ಟೀಲ್ ಬಿರುಕು ಬಿಟ್ಟರೆ ಮೊದಲು ಬಣ್ಣ ಸೀಳುತ್ತದೆ, ಮಳೆ ನೀರು ಒಳಗೆ ಹೋಗಿ ಕಂದು ಗೆರೆ ಹೊರಗೆ ಇಳಿಯುತ್ತದೆ. ಬಿಳಿಯ ಮೇಲೆ ಅದು ದೂರದಿಂದಲೇ ಕಾಣುತ್ತದೆ, ಕಪ್ಪಿನ ಮೇಲೆ ಟಾರ್ಚ್ ಹಿಡಿದು ಹುಡುಕಬೇಕು.

ತುಕ್ಕು ನಿಜವಾದ ತೊಂದರೆ, ಆದರೆ ತಡೆಯಬಹುದಾದದ್ದು. ವೆಲ್ಡಿಂಗ್ ಮಾಡುವಾಗ ಬಿಸಿ ಗಾಳಿ ಹೊರಹೋಗಲು ಕಾಲುಗಳಿಗೆ ಸಣ್ಣ ತೂತು ಬಿಟ್ಟಿರುತ್ತಾರೆ, ನೀರು ನುಗ್ಗುವುದು ಅಲ್ಲಿಂದಲೇ. ಹೊಸದಾಗಿದ್ದಾಗಲೇ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಫೋರ್ಕನ್ನು ಎಲ್ಲ ಕಡೆ ಹೊರಳಿಸಿ, ರಾತ್ರಿಯೆಲ್ಲ ತಲೆಕೆಳಗಾಗಿ ನಿಲ್ಲಿಸಿ ಎಣ್ಣೆ ಬಸಿದೆ. ಆಮೇಲೆ ತೂತಿಗೆ ಗ್ರೀಸ್ ಮೆತ್ತಿದೆ. ರೋಟರ್ ಹತ್ತಿರ ಎಣ್ಣೆ ಸುಳಿಯದ ಹಾಗೆ ಎಲ್ಲ ಒರೆಸಿದ ಮೇಲೇ ಚಕ್ರ ಹಾಕಿ. ಪ್ರತಿ ಮಳೆಗಾಲ ಮುಗಿದ ಮೇಲೆ ಇಷ್ಟನ್ನು ಮತ್ತೆ ಮಾಡುತ್ತೇನೆ. ಹೊರಗೆ ಕಲ್ಲು ತಾಗಿ ಬಣ್ಣ ಹೋದ ಕಡೆ ಉಪ್ಪುಕಾಗದ ಉಜ್ಜಿ ಪ್ರೈಮರ್ ಹಚ್ಚಿದರೆ ಸಾಕು.

ಕೂರಿಸುವ ಕೆಲಸವನ್ನು ಗೊತ್ತಿರುವವರ ಹತ್ತಿರವೇ ಮಾಡಿಸಿ. ಒಂದು ಅಂಗಡಿಯಲ್ಲಿ ನನ್ನ ಹೊಸ ಫೋರ್ಕ್‌ನ ಕ್ರೌನ್ ರೇಸನ್ನು ಸ್ಕ್ರೂಡ್ರೈವರ್ ಇಟ್ಟು ಒಂದೊಂದೇ ಕಡೆ ಸುತ್ತಿಗೆಯಲ್ಲಿ ಹೊಡೆಯೋಕೆ ಶುರುಮಾಡಿದರು. ಸ್ಟೀರರ್ ಬುಡದಲ್ಲಿ ಗೀಚು ಬಿದ್ದರೆ ಬಿರುಕಿಗೆ ನಾವೇ ದಾರಿ ಮಾಡಿಕೊಟ್ಟಂತೆ. ತಕ್ಷಣ ನಿಲ್ಲಿಸಿ ವಾಪಸ್ ತಂದೆ. ಸ್ಟೀರರ್ ಮೇಲೆ ತೂರಿಸುವಷ್ಟು ಅಗಲದ ಪಿವಿಸಿ ಪೈಪ್ ತಗೊಂಡು, ಅದರಿಂದ ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಸ್ಟೀಲ್ ಫೋರ್ಕ್ ಸಿಕ್ಕರೆ ಬಿಡಬೇಡಿ, ಅಲ್ಯೂಮಿನಿಯಂ ಮಾತ್ರ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಎಷ್ಟು ಪೆಟ್ಟು ತಿಂದಿದೆ ಅಂತ ಹೇಳೋಕೆ ಮಾರುವವರಿಗೂ ಆಗಲ್ಲ. ಫೋಟೋ ಕೇಳುವಾಗ ಕ್ರೌನ್ ರೇಸ್ ತೆಗೆದು ಸ್ಟೀರರ್ ಬುಡದ್ದು ಕೇಳಿ, ಬ್ರೇಕ್ ಮೌಂಟ್‌ನದ್ದು ಕೇಳಿ. ಸ್ಟೀರರ್ ಉದ್ದ ಎಷ್ಟು ಉಳಿದಿದೆ ಅಂತ ಟೇಪ್ ಹಿಡಿದು ತೋರಿಸೋಕೆ ಹೇಳಿ. ಹೆಡ್ ಟ್ಯೂಬ್, ಹೆಡ್‌ಸೆಟ್‌ನ ಎರಡೂ ಕಪ್, ಸ್ಪೇಸರ್, ಸ್ಟೆಮ್ (ಹ್ಯಾಂಡಲನ್ನು ಸ್ಟೀರರ್‌ಗೆ ಜೋಡಿಸುವ ತುಂಡು) ಹಿಡಿತ, ಇಷ್ಟರ ಎತ್ತರ ಕೂಡಿಸಿ 3 ಮಿಮೀ ಕಳೆದರೆ ನಿಮಗೆ ಬೇಕಾದ ಉದ್ದ. ಅದಕ್ಕಿಂತ ಕಡಿಮೆ ಇದ್ದರೆ ಸ್ಟೆಮ್‌ಗೆ ಪೂರ್ತಿ ಹಿಡಿತ ಸಿಗಲ್ಲ, ಜಾಸ್ತಿ ಇದ್ದರೆ ಹ್ಯಾಕ್ಸಾ ಬ್ಲೇಡ್‌ನಲ್ಲಿ ಕೊಯ್ದು ಅರ ಹಾಕಿ ನುಣ್ಣಗೆ ಮಾಡಿಕೊಳ್ಳಬಹುದು.